ಬಾಯ್ಲರಿನ ಹೊಗೆ ಪೈಪನ್ನು ಮಲಗುವ ಕೋಣೆಯೊಳಗೆ ಹಾಯಿಸಬೇಡಿ

ಬೀದರ್ ಕಡೆಯವರು, ಅದರಲ್ಲೂ ಮನೆಯಲ್ಲಿ ಬಾಣಂತಿ, ಎಳೆಗೂಸು, ವಯಸ್ಸಾದವರು ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಟ್ಟಿಗೆ ಬಾಯ್ಲರಿನ ಹೊಗೆಯಿಂದಲೇ ಮನೆ ಬೆಚ್ಚಗೆ ಮಾಡಿಕೊಡ್ತೀನಿ ಅಂತ ಯಾವ ಮಿಸ್ತ್ರಿ ಹೇಳಿದರೂ ಒಪ್ಪಬೇಡಿ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿಹೋದವನಿಂದಾಗಿ ನಮ್ಮವ್ವ, ತಂಗಿ, ತಂಗಿಯ ಕೂಸು ಮೂವರೂ ಒಂದೇ ರಾತ್ರಿ ಸಾಯುವ ಹಂತಕ್ಕೆ ಹೋಗಿ ಬಂದರು.

ಕಲ್ಯಾಣ ಕರ್ನಾಟಕ ಅಂದರೆ ಬರೀ ಬಿಸಿಲು ಅಂತ ಬೇರೆ ಕಡೆಯವರು ತಿಳಿದಿರುತ್ತಾರೆ. ಬೀದರ್ ಇರೋದು ಎತ್ತರದ ಬಯಲಿನ ಮೇಲೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಇಲ್ಲಿ ಹೊಸದಲ್ಲ. ಹಳೆಯ ಮಾಳಿಗೆ ಮನೆಗಳಿಗೆ ಬೆಳಕಿಂಡಿ ಇರುತ್ತಿತ್ತು, ನೀರೊಲೆ ಹಿತ್ತಲಲ್ಲಿರುತ್ತಿತ್ತು. ಈಗಿನ ನಮ್ಮ ಮನೆ ಆರ್‌ಸಿಸಿ. ಕಿಟಕಿಗೆ ಅಲ್ಯುಮಿನಿಯಂ ಸ್ಲೈಡಿಂಗ್, ಸೊಳ್ಳೆ ಜಾಳಿಗೆ. ಮುಚ್ಚಿದರೆ ಒಳಗಿನ ಗಾಳಿ ಒಳಗೇ.

ತಂಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿ ಮನೆಯಲ್ಲಿ ಬಿಸಿನೀರು ಎಷ್ಟು ಬೇಕು ಅಂತ ನಿಮಗೆ ಗೊತ್ತು. ಕರೆಂಟಿನ ಗೀಸರ್ ನಂಬಿ ಕೂರೋಕೆ ಆಗೋದಿಲ್ಲ. ಹೊಲದಲ್ಲಿ ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೇಕಾದಷ್ಟು ಬಿದ್ದಿತ್ತು. ಅಪ್ಪ 60 ಲೀಟರಿನ ಸ್ಟೀಲ್ ಬಾಯ್ಲರ್ ತಂದರು. ಕೆಳಗೆ ಬೆಂಕಿ, ನಡುವೆ ಹೊಗೆ ಕೊಳವೆ, ಅದರ ಸುತ್ತ ನೀರು. ತಾಮ್ರದ ಹಳೆ ಬಂಬದ ಕೆಲಸವೂ ಹೀಗೇ. ಬಾಯ್ಲರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ಅದನ್ನು ಕೂರಿಸಿದ ರೀತಿಯಲ್ಲಿ.

ಅಂಗಡಿಯವರು ಕಳಿಸಿದ ಮಿಸ್ತ್ರಿ ಬಚ್ಚಲ ಪಕ್ಕದ ತಗಡು ಹೊದಿಸಿದ ಸಂದಿಯಲ್ಲಿ ಅದನ್ನಿಟ್ಟ. ಆಮೇಲೆ ಬಾಣಂತಿ ಕೋಣೆ ನೋಡಿ ಅಪ್ಪನಿಗೆ ಹೇಳಿದ: "ಹೊಗಿ ಸೀದಾ ಹೊರಗ ಬಿಟ್ರ ಶಾಖ ಹಾಳಾಗ್ತದರಿ ಕಾಕಾ. ಪೈಪ್ ಖೋಲಿ ಒಳಗಿಂದ ಹಾಯಿಸ್ತೀನಿ. ರಾತ್ರಿಪೂರಾ ಬೆಚ್ಚಗ ಇರ್ತದ." ಚಳಿಯಲ್ಲಿ ಕೂಸು ನಡುಗೋದನ್ನು ನೋಡಿದ ಯಾರಿಗೆ ಬೇಡ ಅನ್ನಿಸುತ್ತೆ ಹೇಳಿ? ತಗಡಿನ ಪೈಪ್ ಗೋಡೆ ತೂರಿ ಕೋಣೆಗೆ ಬಂತು. ಮಂಚದ ಮೇಲ್ಗಡೆ, ಗೋಡೆಗುಂಟ ಅಡ್ಡಡ್ಡ ಹೋಗಿ, ಆಚೆ ಗೋಡೆಯಿಂದ ಸಜ್ಜಾದ ಕೆಳಗೆ ಗೇಣುದ್ದ ಹೊರಬಂತು. ಪೈಪಿನ ಬುಡದಲ್ಲಿ ತಿರುಗಿಸಿ ಮುಚ್ಚುವ ಒಂದು ತಟ್ಟೆ. "ಉರಿ ಆರಿದ ಮ್ಯಾಲ ಇದನ್ನ ಮುಚ್ರಿ, ಕೆಂಡ ಮುಂಜಾನಿ ತನಕ ಉಳೀತದ" ಅಂತ ಹೇಳಿಕೊಟ್ಟ.

ಕೋಣೆ ನಿಜವಾಗಿಯೂ ಬೆಚ್ಚಗಾಯಿತು. ಹೊಗೆಯ ವಾಸನೆ ಕೂಡ ಇಲ್ಲ. ನೋಡಲು ಬಂದವರೆಲ್ಲ ಮಿಸ್ತ್ರಿಯ ನಂಬರ್ ಕೇಳಿದರು.

ಕೆಲವೇ ದಿನಗಳಲ್ಲಿ ತಂಗಿಗೆ ಬೆಳಗ್ಗೆ ಎದ್ದಕೂಡಲೇ ತಲೆನೋವು ಶುರುವಾಯಿತು. ವಾಂತಿ ಬಂದಂಗಾಗ್ತದೆ ಅನ್ನುತ್ತಿದ್ದಳು. ನಿದ್ದೆಗೆಟ್ಟು ಪಿತ್ತ ಆಗಿದೆ ಅಂತ ಅವ್ವ ಶುಂಠಿ ಕಷಾಯ ಕೊಟ್ಟಳು. ಆಮೇಲೆ ಅವ್ವನಿಗೂ ಅದೇ ತಲೆನೋವು, ಕಾಲಲ್ಲಿ ಶಕ್ತಿಯೇ ಇಲ್ಲ. ಮಧ್ಯಾಹ್ನ ಅಂಗಳದ ಬಿಸಿಲಿಗೆ ಬಂದು ಕೂತರೆ ಇಬ್ಬರೂ ಹುಷಾರು. ತೊಟ್ಟಿಲ ಕಾರ್ಯದ ದಿನ ಬಾಗಿಲುಗಳೆಲ್ಲ ತೆರೆದೇ ಇದ್ದವು, ಯಾರಿಗೂ ಏನೂ ಇಲ್ಲ. ಕೂಸು ಮಾತ್ರ ದಿನದಿಂದ ದಿನಕ್ಕೆ ಜಾಸ್ತಿ ಮಲಗುತ್ತಿತ್ತು. ಹಾಲು ಕುಡಿಯುವಾಗಲೇ ನಿದ್ದೆ. ಬಂದವರೆಲ್ಲ "ಕೂಸು ಭಾಳ ಶಾಂತ ಅದ" ಅಂತ ಹೊಗಳಿದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ರಾತ್ರಿ ಗಾಳಿಯೂ ಇತ್ತು, ಥಂಡಿಯೂ ಇತ್ತು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದರು. ಬಾಯ್ಲರಿಗೆ ದಪ್ಪ ಜಾಲಿ ಕೊರಡು ಹಾಕಿ, ಉರಿ ಆರಿದ ಮೇಲೆ ಮಿಸ್ತ್ರಿ ಹೇಳಿದಂತೆ ತಟ್ಟೆ ಮುಚ್ಚಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಪಡಸಾಲೆಯಲ್ಲಿ ಮಲಗಿದ್ದ ಅಪ್ಪನಿಗೆ ಚರಿಗೆ ಬಿದ್ದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅವ್ವ ಹೊಸ್ತಿಲ ಮೇಲೆ ಬಿದ್ದಿದ್ದಳು. ತಂಗಿ ಕರೆದರೆ ಓ ಅನ್ನುತ್ತಿಲ್ಲ. ಅಪ್ಪ ಕೂಸನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಓಡಿದರು. ತಣ್ಣನೆ ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಅದು ಅತ್ತಿತು. ತಂಗಿಯನ್ನು ಎಳೆದು ತರಲು ಎರಡನೇ ಸಲ ಒಳಗೆ ಹೋದಾಗ ಅಪ್ಪನಿಗೇ ತಲೆ ತಿರುಗಿ ಗೋಡೆ ಹಿಡಿದು ನಿಂತರಂತೆ. ಅಷ್ಟರಲ್ಲಿ ನಾನು, ಪಕ್ಕದ ಮನೆಯವರು ಬಂದೆವು.

ದವಾಖಾನೆಯಲ್ಲಿ ಮೊದಲು ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. 98 ತೋರಿಸಿತು. ಆಕ್ಸಿಜನ್ ಸರಿಯಾಗಿದೆ, ಬಿಪಿ ಇಳಿದಿದೆ, ಸುಸ್ತು ಅಂತ ಸಲೈನ್ ಏರಿಸಿದರು. ಆಮೇಲೆ ಬಂದ ದೊಡ್ಡ ಡಾಕ್ಟರು ಒಂದೇ ಮಾತು ಕೇಳಿದರು: "ಮೂರೂ ಮಂದಿಗಿ ಒಮ್ಮೆಲೆ ಹ್ಯಾಂಗ ಆಯ್ತು? ಖೋಲಿಯೊಳಗ ಏನ್ ಹಚ್ಚಿದ್ರಿ?" ಬಾಯ್ಲರಿನ ಪೈಪಿನ ವಿಷಯ ಹೇಳಿದ ಕೂಡಲೇ ಮೂವರಿಗೂ ಮಾಸ್ಕ್ ಹಾಕಿಸಿ ಆಕ್ಸಿಜನ್ ಕೊಡಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿತ್ತು.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ಆದರೆ ಮಿದುಳಿಗೆ, ಹೃದಯಕ್ಕೆ ಆಕ್ಸಿಜನ್ ತಲುಪುವುದಿಲ್ಲ. ಬೆರಳಿನ ಕ್ಲಿಪ್ಪಿಗೆ ಇವೆರಡರ ವ್ಯತ್ಯಾಸ ಗೊತ್ತಾಗೋದಿಲ್ಲ. ಹಾಗಾಗಿ ಮನುಷ್ಯ ಸಾಯುತ್ತಿದ್ದರೂ ಅದು ಒಳ್ಳೆಯ ನಂಬರನ್ನೇ ತೋರಿಸಬಹುದು. ಸಾಮಾನ್ಯ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಮಾಸ್ಕಿನಿಂದ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ. ಅದಕ್ಕೇ ಹೊತ್ತು ಕಳೆಯಬಾರದು.

ನಮ್ಮ ಜನ ತಿಳಿದುಕೊಳ್ಳಲೇಬೇಕಾದದ್ದು ಇನ್ನೊಂದಿದೆ. ಹೊಗೆ ನಿಂತರೆ ಅಪಾಯ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಉರಿ ಆರಿ, ಹೊಗೆ ನಿಂತು, ಕೆಂಡ ನಿಗಿನಿಗಿ ಅನ್ನುವಾಗಲೇ ಈ ಅನಿಲ ಜಾಸ್ತಿ ಹುಟ್ಟುತ್ತದೆ. ಆ ಹೊತ್ತಿಗೇ ತಟ್ಟೆ ಮುಚ್ಚಿದರೆ ಅದಕ್ಕೆ ಹೋಗಲು ಎಲ್ಲಿ ದಾರಿ? ಪೈಪಿನ ಜಾಯಿಂಟುಗಳಿಂದ, ಬಾಯ್ಲರಿನ ಬಾಯಿಂದ ಮನೆಯೊಳಗೇ ಬರುತ್ತದೆ.

ಪೈಪ್ ಬಿಚ್ಚಿಸಲು ಹಾಸ್ಟೆಲ್ಲುಗಳಿಗೆ ಬಾಯ್ಲರ್ ಕೂರಿಸಿ ಅನುಭವ ಇರುವ ಒಬ್ಬ ಹಿರಿಯರನ್ನು ಕರೆಸಿದೆವು. ಮಂಚದ ಮೇಲಿನ ಜಾಯಿಂಟಿನ ಹತ್ತಿರ ಅವರು ಟಾರ್ಚ್ ಹಿಡಿದರು. ಸುಣ್ಣದ ಗೋಡೆಯ ಮೇಲೆ ಬೆರಳಗಲದ ಕಪ್ಪು ಗೆರೆ ಮೇಲಕ್ಕೆ ಎದ್ದಿತ್ತು. ಮೊದಲಿನ ಮಿಸ್ತ್ರಿ ಒಂದು ಪೈಪನ್ನು ಇನ್ನೊಂದರೊಳಗೆ ಸುಮ್ನೆ ತೂರಿಸಿ, ನೀರಿನ ನಲ್ಲಿಗೆ ಹಚ್ಚುವ ಪುಟ್ಟಿ ಮೆತ್ತಿದ್ದ. ಅದು ಶಾಖಕ್ಕೆ ಸೀಳಿ ಪುಡಿಪುಡಿ ಆಗಿತ್ತು. ಬೆರಳಿಂದ ಒತ್ತಿದರೆ ಉದುರಿತು, ಹಿಂದೆ ಬೆಳಕು ತೂರುವಷ್ಟು ಸಂದಿ. ಒಳಗಡೆ ಅಂಟು ಮಸಿ ಕಟ್ಟಿ ಪೈಪಿನ ಬಾಯಿ ಅರ್ಧ ಮುಚ್ಚಿತ್ತು. ಅಡ್ಡಡ್ಡ ಹಾಕಿದ ಉದ್ದ ಪೈಪು ಹೊಗೆಯನ್ನು ಎಳೆಯೋದಿಲ್ಲ. ಬಿಸಿ ಹೊಗೆ ಮೇಲಕ್ಕೇರಬೇಕು, ಅದಕ್ಕೆ ಎತ್ತರ ಬೇಕು. ಸಾಲದ್ದಕ್ಕೆ ನಮ್ಮ ಪೈಪಿನ ತುದಿ ಸಜ್ಜಾದ ಕೆಳಗಿತ್ತು, ಎದುರು ಗಾಳಿ ಬೀಸಿದರೆ ಹೊಗೆ ವಾಪಸ್ ಒಳಗೆ.

ಅದೇ ದಿನ ಇನ್ನೊಂದು ಕಂಡಿತು. ಬಾಯ್ಲರಿನ ತಲೆಯ ಮೇಲೆ ಆವಿ ಹೋಗುವ ಕೊಳವೆ ಇರುತ್ತದೆ. ಅದಕ್ಕೆ ಆ ಮಿಸ್ತ್ರಿ ಎಂಡ್ ಕ್ಯಾಪ್ ಬಿಗಿದಿದ್ದ, ನೀರು ಚಿಮ್ಮುತ್ತದೆ ಅಂತ. ಟ್ಯಾಂಕಿನಿಂದ ನೀರು ಬರುವ ಪೈಪಿಗೆ ಗೇಟ್ ವಾಲ್ವ್. ಯಾರೋ ಆ ವಾಲ್ವ್ ಮುಚ್ಚಿ, ನಲ್ಲಿಯೂ ಮುಚ್ಚಿದ್ದರೆ ಒಳಗಿನ ನೀರಿಗೆ ಯಾವ ದಾರಿಯೂ ಇಲ್ಲ. 60 ಲೀಟರ್ ನೀರು 20 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಸುಮಾರು 2 ಲೀಟರಿನಷ್ಟು ಉಬ್ಬುತ್ತದೆ. ಆವಿಯಾದರಂತೂ 1,600 ಪಟ್ಟಿಗೂ ಹೆಚ್ಚು. ಕಟ್ಟಿಗೆ ಬೆಂಕಿಯನ್ನು ಸ್ವಿಚ್ ಒತ್ತಿ ಆರಿಸೋಕೆ ಆಗೋದಿಲ್ಲ, ಅಲ್ವಾ? ಬಾಯ್ಲರ್ ಸಿಡಿದರೆ ಆ ಸಂದಿಯಲ್ಲಿ ನಿಂತವರ ಗತಿ ಏನು? ಆವಿಯ ಕೊಳವೆಯನ್ನು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ತೆರೆದೇ ಬಿಡಬೇಕು. ನೀರು ಚಿಮ್ಮುವುದನ್ನು ನಿಲ್ಲಿಸಲು ಇರುವ ದಾರಿ ಅದು. ಕ್ಯಾಪ್, ವಾಲ್ವ್, ನಲ್ಲಿ ಯಾವುದನ್ನೂ ಅದಕ್ಕೆ ಹಾಕುವಂತಿಲ್ಲ.

ಆ ಮಿಸ್ತ್ರಿಯನ್ನು ಹುಡುಕಿ ಕೇಳಿದೆ. "ಇಷ್ಟು ಮನಿಗಿ ಹಾಕೀನಿ, ಯಾರಿಗೂ ಏನೂ ಆಗಿಲ್ಲ" ಅಂದ. ಆ ಮನೆಗಳವರೂ ಪೈಪು ಬಿಚ್ಚಿಸಲಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಟ್ಟಿಗೆ ಬಾಯ್ಲರ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಈಗಲೂ ಅದೇ ಇದೆ, ಹಿತ್ತಲಲ್ಲಿ, ಮೂರು ಕಡೆ ತೆರೆದ ತಗಡಿನ ಕೆಳಗೆ. ಬಿಸಿನೀರು ಮನೆಯೊಳಗೆ ಬರಲಿ, ಬೆಂಕಿ, ಹೊಗೆ, ಕೆಂಡ ಹೊರಗೇ ಇರಲಿ. ತುಂಬಾ ಚಳಿ ಇರುವ ದೇಶಗಳಲ್ಲಿ ಕಟ್ಟಿಗೆ ಬಾಯ್ಲರಿನಿಂದಲೇ ಮನೆ ಕಾಯಿಸುತ್ತಾರೆ. ಅಲ್ಲಿಯೂ ಕೋಣೆಗಳಲ್ಲಿ ಸುತ್ತುವುದು ಬಿಸಿನೀರಿನ ಪೈಪು. ಹೊಗೆ ಚಿಮಣಿಯಿಂದ ಸೀದಾ ಆಕಾಶಕ್ಕೆ ಹೋಗುತ್ತದೆ. ಆದಷ್ಟು ನೇರವಾಗಿ ಮೇಲೇರುವ ಪೈಪ್ ಹಾಕಿಸಿ. ಅದು ಛಾವಣಿಯಿಂದ ಕನಿಷ್ಠ 3 ಅಡಿ ಮೇಲಿರಬೇಕು. ಹತ್ತಡಿಯೊಳಗೆ ಗೋಡೆ, ನೀರಿನ ಟ್ಯಾಂಕ್ ಏನಾದರೂ ಇದ್ದರೆ ಅದಕ್ಕಿಂತ 2 ಅಡಿ ಎತ್ತರ ಬೇಕು. ಮಳೆಗೆ ತುದಿಯಲ್ಲಿ ಟೋಪಿ. ಪೈಪಿನಿಂದ ಒಂದೂವರೆ ಅಡಿ ದೂರದೊಳಗೆ ಬಟ್ಟೆ, ಕಟ್ಟಿಗೆ ಇಡಬೇಡಿ. ಹಸಿ ಕಟ್ಟಿಗೆ ಉರಿಸಿದರೆ ಅಂಟು ಮಸಿ ಬೇಗ ಕಟ್ಟುತ್ತದೆ, ಕಡಿದು ಆರು ತಿಂಗಳಾದರೂ ಒಣಗಿರಲಿ. ದಿನಾ ಉರಿಸುವವರು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಪೈಪ್ ಕೆರೆಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಹಾಕಲೇಬೇಡಿ. ನೀರು ತುಂಬಿದೆ ಅಂತ ನೋಡದೆ ಬೆಂಕಿ ಹಚ್ಚಬೇಡಿ. ಖಾಲಿ ಬಾಯ್ಲರ್ ಕಾದುಬಿಟ್ಟಿದ್ದರೆ ಅದಕ್ಕೆ ತಣ್ಣೀರು ಬಿಡಬೇಡಿ, ಬೆಂಕಿ ಎಳೆದು ತಾನಾಗಿ ಆರಲು ಬಿಡಿ.

ಬಾಣಂತಿ ಮನೆಯ ಅವ್ವಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ಮಂಚದ ಕೆಳಗೆ ಕೆಂಡದ ಬುಟ್ಟಿ ಇಟ್ಟು ಬಾಗಿಲು ಹಾಕುವುದೂ ಇದೇ ಅಪಾಯ. ಲೋಬಾನ ಹಾಕಿದರೂ ಅಷ್ಟೇ, ವಾಸನೆ ಚೆನ್ನಾಗಿರುತ್ತದೆ, ಕೆಂಡದ ಅನಿಲ ಹಾಗೇ ಇರುತ್ತದೆ. ಇದ್ದಿಲು, ಕುಳ್ಳು ಯಾವುದಾದರೂ ಒಂದೇ. ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಗಿಂತ ಹೆಚ್ಚು ಪೆಟ್ಟು. ನಮ್ಮವ್ವ ಈಗ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಹಾಸಿಗೆ ಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವ ಮೊದಲು ಅದನ್ನು ತೆಗೆದುಬಿಡುತ್ತಾಳೆ. ಆಮೇಲೆ ತಂಗಿ ಮೇಲೆ ಕೌದಿ, ಕೂಸಿಗೆ ಟೋಪಿ, ಕಾಲುಚೀಲ. ಕೋಣೆಯಲ್ಲಿ ಮೊದಲಿನಷ್ಟು ಶಾಖ ಇಲ್ಲ, ಬೆಳಗ್ಗೆ ಏಳುವಾಗ ತಲೆನೋವೂ ಇಲ್ಲ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಇದು ಬೇರೆ, ನೋಡಿ ತಗೊಳ್ಳಿ. ಮನೆಯೊಳಗೆ ಅಥವಾ ಮನೆಗೆ ಅಂಟಿಕೊಂಡು ಕಟ್ಟಿಗೆ ಉರಿಯುತ್ತಿದ್ದರೆ ಮಲಗುವ ಕೋಣೆಯಲ್ಲಿ ಒಂದು ಇರಲಿ. ಆದರೆ ಅಲಾರಂ ಇದೆ ಅಂತ ಕೆಂಡ ಒಳಗೆ ತರಬೇಡಿ.

ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋತಂತೆ ಆದರೆ, ಹೊರಗೆ ಹೋದಾಗ ಕಡಿಮೆಯಾಗಿ ಮನೆಗೆ ಬಂದಾಗ ಮತ್ತೆ ಶುರುವಾದರೆ, ಅದನ್ನು ಪಿತ್ತ ಅಂತ ಬಿಡಬೇಡಿ. ಮೊದಲು ಎಲ್ಲರನ್ನೂ ಹೊರಗೆ ತನ್ನಿ, ಬಾಗಿಲು ತೆರೆಯಿರಿ. ಬಿದ್ದವರನ್ನು ಎತ್ತಲು ಹೋಗುವವರು ಉಸಿರು ಬಿಗಿಹಿಡಿದು ಬೇಗ ಹೊರಬರಬೇಕು, ಒಳಗೆ ನಿಂತು ನೀರು ಕುಡಿಸುತ್ತಾ ಕೂರಬಾರದು. 108ಕ್ಕೆ ಫೋನ್ ಮಾಡಿ. ದವಾಖಾನೆಗೆ ಹೋದ ಕೂಡಲೇ, ಅವರು ಕೇಳುವ ಮೊದಲೇ, "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು, ಬಾಯ್ಲರ್ ಹೊಗೆ ಇತ್ತು" ಅಂತ ಹೇಳಿ. ರಕ್ತದಲ್ಲಿ ಈ ಅನಿಲ ಎಷ್ಟು ಸೇರಿದೆ ಅಂತ ತೋರಿಸುವ ಕಾರ್ಬಾಕ್ಸಿಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ. ಕ್ಲಿಪ್ಪಿನ ನಂಬರ್ ಚೆನ್ನಾಗಿದೆ ಅಂತ ವಾಪಸ್ ಬರಬೇಡಿ.

ಹುಷಾರಾಗಿ ಮನೆಗೆ ಬಂದ ಮೇಲೂ ಕೆಲವು ವಾರ ಗಮನ ಇರಲಿ. ಮರೆವು, ನಡಿಗೆಯಲ್ಲಿ ತಡವರಿಕೆ, ಸ್ವಭಾವ ಬದಲಾಗುವುದು, ಇವು ತಡವಾಗಿ ಕಾಣಿಸಬಹುದು. ನಮ್ಮವ್ವ ಒಲೆ ಮೇಲೆ ಹಾಲಿಟ್ಟು ಮರೆಯಲು ಶುರುಮಾಡಿದಾಗ ವಯಸ್ಸಾಯಿತು ಅಂತ ಬಿಡದೆ ತೋರಿಸಿದೆವು, ಈಗ ಚಿಕಿತ್ಸೆ ನಡೆದಿದೆ. ಕೂಸನ್ನೂ ಮಕ್ಕಳ ಡಾಕ್ಟರು ಕರೆದಾಗಲೆಲ್ಲ ಒಯ್ಯುತ್ತೇವೆ. ಡಿಸ್ಚಾರ್ಜ್ ಚೀಟಿ ಜೋಪಾನವಾಗಿ ಎತ್ತಿಡಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ.