ಸೇಡು ತೀರಿದ ಮೇಲೆ: ನಾಲ್ಕು ರಕ್ತಸಿಕ್ತ ಸಿನಿಮಾಗಳ ಹೋಲಿಕೆ

ಹೆಣ್ಣೊಬ್ಬಳ ಮೇಲೆ ಅತ್ಯಾಚಾರ ನಡೆಯುತ್ತದೆ. ಅವಳೋ ಅವಳ ಮನೆಯವರೋ ತಪ್ಪಿತಸ್ಥರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೊಲ್ಲುತ್ತಾರೆ. ಅಮೆರಿಕದ ಅಗ್ಗದ ಹಾರರ್ ಸಿನಿಮಾಗಳಲ್ಲಿ ಈ ಕಥೆಗೆ ಐವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. 1968ರಲ್ಲಿ ಹಾಲಿವುಡ್ಡಿನ ಹಳೆಯ ಹೇಸ್ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಾರದೆಂಬ ನಿಯಮಾವಳಿ, ತೊಲಗಿ ಪ್ರೇಕ್ಷಕರ ವಯಸ್ಸಿಗೆ ತಕ್ಕ ವರ್ಗೀಕರಣ ಬಂದ ಮೇಲೆ, ದುಡ್ಡೂ ಇಲ್ಲದ, ಹೆಸರಾಂತ ನಟರೂ ಇಲ್ಲದ ನಿರ್ಮಾಪಕರಿಗೆ ರಕ್ತ ಮತ್ತು ಬೆತ್ತಲೆಯೇ ಬಂಡವಾಳವಾಯಿತು. ಅಂಥ ಚಿತ್ರಗಳನ್ನು ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ ಎನ್ನುತ್ತಾರೆ.

ನನಗೆ ಇವುಗಳ ಬಗ್ಗೆ ಎರಡು ಮನಸ್ಸು. ಸೇಡಿನ ಭಾಗ ಶುರುವಾದೊಡನೆ ಒಳಗೆ ಏನೋ ಹಿಗ್ಗುತ್ತದೆ, ‘ಅವನಿಗೆ ಆಗಬೇಕಾದದ್ದೇ’ ಎನ್ನಿಸುತ್ತದೆ. ಈ ಹಿಗ್ಗು ಹೊರಗಿನಿಂದ ಬಂದದ್ದಲ್ಲ. ಕೀಚಕವಧೆಯ ಪ್ರಸಂಗವನ್ನು ನಿದ್ದೆಗೆಟ್ಟು ನೋಡುವ ಜನ ನಾವು. ನಾಟ್ಯಶಾಲೆಯ ಕತ್ತಲಲ್ಲಿ ಭೀಮ ಕೀಚಕನ ಕೈಕಾಲುಗಳನ್ನು ಮುಂಡದೊಳಕ್ಕೆ ತುರುಕಿ ಮಾಂಸದ ಮುದ್ದೆ ಮಾಡಿದ ಎಂಬಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ. ಸೈರಂಧ್ರಿಯ ಗೋಳು ಕೇಳಿದ ಮೇಲೆ ಅಷ್ಟೂ ಬೇಕೆನ್ನಿಸುತ್ತದೆ. ಆದರೆ ಸೈರಂಧ್ರಿಗೆ ಆದ ಅವಮಾನ ನಮಗೆ ತಲುಪುವುದು ಮುಖ್ಯವಾಗಿ ಪದ್ಯದಲ್ಲಿ, ಮಾತಿನಲ್ಲಿ. ಸಿನಿಮಾ ಅದನ್ನು ಒಬ್ಬ ನಟಿಯ ದೇಹದ ಮೇಲೆ ತೋರಿಸುತ್ತದೆ. ಎಷ್ಟು ತೋರಿಸಿತು, ಎಲ್ಲಿ ನಿಂತು ತೋರಿಸಿತು ಎಂಬುದರಲ್ಲೇ ನನ್ನ ತಕರಾರು. ಸೇಡು ಎಷ್ಟು ಕ್ರೂರವಾಗಿದೆ ಎಂಬುದು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಆ ಸೇಡಿನ ಹಸಿವನ್ನು ನನ್ನಲ್ಲಿ ಹುಟ್ಟಿಸಲು ಅವಳನ್ನು ಎಷ್ಟು ಹೊತ್ತು ನರಳಿಸಿದರು ಎಂಬುದು ಕಾಡುತ್ತದೆ.

ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ನಾಲ್ಕು ಚಿತ್ರಗಳನ್ನು ಮತ್ತೆ ನೋಡಿದೆ. ಕೊನೆಗಳನ್ನು ಬಚ್ಚಿಟ್ಟು ಈ ಮಾತು ಆಡಲಾಗದು; ಇನ್ನೂ ನೋಡದವರು ಗಮನದಲ್ಲಿಡಿ.

ಮೊದಲನೆಯದು ವೆಸ್ ಕ್ರೇವನ್ ನಿರ್ದೇಶನಕ್ಕಿಳಿದ ಚಿತ್ರ, 1972ರ ‘ದಿ ಲಾಸ್ಟ್ ಹೌಸ್ ಆನ್ ದ ಲೆಫ್ಟ್’. ಇದರ ಕಥೆ ಇಂಗ್ಮಾರ್ ಬರ್ಗ್‌ಮನ್‌ನ 1960ರ ‘ದಿ ವರ್ಜಿನ್ ಸ್ಪ್ರಿಂಗ್’ನಿಂದ ಬಂದದ್ದು, ಬರ್ಗ್‌ಮನ್‌ಗೆ ಅದು ಸ್ವೀಡನ್ನಿನ ಮಧ್ಯಯುಗದ ಲಾವಣಿಯೊಂದರಲ್ಲಿ ಸಿಕ್ಕಿತ್ತು. ಎರಡರಲ್ಲೂ ಮಗಳನ್ನು ಕೆಡಿಸಿ ಕೊಂದವರು ತಿಳಿಯದೆ ಅವಳ ಹೆತ್ತವರ ಮನೆಯಲ್ಲೇ ಆಶ್ರಯ ಪಡೆಯುತ್ತಾರೆ. ಬರ್ಗ್‌ಮನ್‌ನಲ್ಲಿ ಕೊಲೆಗಡುಕರು ಮಗಳ ಉಡುಪನ್ನೇ ತಾಯಿಗೆ ಮಾರಲು ಹೋಗಿ ಸಿಕ್ಕಿಬೀಳುತ್ತಾರೆ. ಕ್ರೇವನ್‌ನಲ್ಲಿ, ಹುಟ್ಟುಹಬ್ಬಕ್ಕೆ ಹೆತ್ತವರು ಕೊಟ್ಟಿದ್ದ ಶಾಂತಿಚಿಹ್ನೆಯ ಸರ ಗುಂಪಿನ ಹುಡುಗನೊಬ್ಬನ ಕೊರಳಲ್ಲಿ ತಾಯಿಯ ಕಣ್ಣಿಗೆ ಬೀಳುತ್ತದೆ. ವಿಯೆಟ್ನಾಂ ಯುದ್ಧ ಟಿ.ವಿ.ಯ ಮೂಲಕ ಅಮೆರಿಕದ ಮನೆಮನೆಯೊಳಗೂ ಬರುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಆ ಸರ ಕಂಡೊಡನೆ ಸಭ್ಯ ವೈದ್ಯ ದಂಪತಿ ಕೊಲೆಗೆ ಸಜ್ಜಾಗುತ್ತಾರೆ ಎನ್ನುವುದರಲ್ಲಿ ನಿಜವಾದ ಕೋಪವಿದೆ.

ಈ ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೇಡಿನ ಭಾಗವಲ್ಲ. ಮಗಳು ಮೇರಿಯ ಮೇಲೆ ಅತ್ಯಾಚಾರ ಮುಗಿದ ಮೇಲೆ ಗುಂಪಿನ ನಾಯಕ ಕ್ರುಗ್ ಮತ್ತು ಅವನ ಸಂಗಡಿಗರು ಸುಮ್ಮನೆ ನಿಲ್ಲುತ್ತಾರೆ. ರಕ್ತವಾದ ಕೈಗಳಿಗೆ ಹುಲ್ಲು ಅಂಟಿದೆ, ಅದನ್ನು ಒರೆಸಿಕೊಳ್ಳುತ್ತಾರೆ, ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ತಾವು ಮಾಡಿದ್ದು ಏನೆಂದು ಅವರಿಗೆ ಗೊತ್ತಾಗಿದೆ ಎಂಬುದು ಆ ಕೆಲವು ಕ್ಷಣಗಳಲ್ಲಿ ಕಾಣುತ್ತದೆ. ರಾಕ್ಷಸರನ್ನು ದ್ವೇಷಿಸುವುದು ಸುಲಭ. ನಾಚಿಕೆಪಟ್ಟು ಮತ್ತೆ ಅದನ್ನೇ ಮುಂದುವರಿಸುವ ಮನುಷ್ಯರನ್ನು ನೋಡುವುದು ಅಸಹನೀಯ. ಇಷ್ಟು ದೊಡ್ಡ ಘಳಿಗೆಯನ್ನು ಕಂಡ ನಿರ್ದೇಶಕ ಅದೇ ಚಿತ್ರದಲ್ಲಿ ಇಬ್ಬರು ಪೆದ್ದ ಪೊಲೀಸರ ಹಾಸ್ಯವನ್ನು ನಡುನಡುವೆ ಏಕೆ ತುರುಕಿದನೋ! ಒಂದು ಕಡೆ ಮೇರಿ ಮತ್ತು ಅವಳ ಗೆಳತಿ ಪ್ರಾಣಕ್ಕಾಗಿ ಬೇಡುತ್ತಿದ್ದಾರೆ, ಇನ್ನೊಂದು ಕಡೆ ಪೊಲೀಸರು ಕೋಳಿ ತುಂಬಿದ ಲಾರಿ ಹತ್ತಲು ಪರದಾಡುತ್ತಿದ್ದಾರೆ. ನನಗೆ ಅದು ಸಹಿಸದು.

ಕೊನೆಯಲ್ಲಿ ತಂದೆ ಗರಗಸದ ಯಂತ್ರ ಹಿಡಿಯುತ್ತಾನೆ, ತಾಯಿ ಹಲ್ಲನ್ನೇ ಆಯುಧ ಮಾಡಿಕೊಳ್ಳುತ್ತಾಳೆ. ಬರ್ಗ್‌ಮನ್‌ನ ತಂದೆ, ಮ್ಯಾಕ್ಸ್ ಫಾನ್ ಸಿಡೋ ಮಾಡಿದ ಪಾತ್ರ, ಸೇಡಿಗೆ ಮೊದಲು ಬರ್ಚ್ ಮರವೊಂದನ್ನು ಮೈಮೇಲೆ ಬಿದ್ದು ಉರುಳಿಸಿ, ಅದರ ರೆಂಬೆಗಳಿಂದ ಮೈಗೆ ಬಡಿದುಕೊಂಡು ಸ್ನಾನ ಮಾಡುತ್ತಾನೆ. ಕೊಂದವರ ಜೊತೆಗಿದ್ದ ಸಣ್ಣ ಹುಡುಗನನ್ನೂ ಅವನು ಬಿಡುವುದಿಲ್ಲ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡು ದೇವರನ್ನು ಕೇಳುತ್ತಾನೆ: ನೀನು ಎಲ್ಲವನ್ನೂ ನೋಡಿದೆ, ಆಗಲು ಬಿಟ್ಟೆ. ಕ್ರೇವನ್‌ನಲ್ಲಿ ದೇವರಿಲ್ಲ, ಪ್ರಶ್ನೆಯೂ ಇಲ್ಲ. ರಕ್ತದಲ್ಲಿ ತೊಯ್ದ ಗಂಡ ಹೆಂಡತಿಯ ಮೇಲೆ ಚಿತ್ರ ನಿಂತುಬಿಡುತ್ತದೆ. ಆ ಮೌನ ನನಗೆ ಒಪ್ಪಿಗೆ. 2009ರ ಮರುನಿರ್ಮಾಣ ಮಾತ್ರ ಮಗಳನ್ನು ಬದುಕಿಸಿ, ಎಲ್ಲ ಸುಸೂತ್ರವಾದ ಮೇಲೂ ತಂದೆಯಿಂದ ಮೈಕ್ರೋವೇವ್ ಒಲೆಯಲ್ಲಿ ಇನ್ನೊಂದು ಕೊಲೆ ಮಾಡಿಸುತ್ತದೆ. ಅದು ಚಪ್ಪಾಳೆಗಾಗಿ ಇಟ್ಟ ದೃಶ್ಯ, ಬೇರೇನೂ ಅಲ್ಲ.

ಎರಡನೆಯದರ ಬಗ್ಗೆ ಬರೆಯುವುದು ಕಷ್ಟ. ಮೈರ್ ಝಾರ್ಕಿಯ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ 1978ರಲ್ಲಿ ‘ಡೇ ಆಫ್ ದ ವುಮನ್’ ಎಂಬ ಹೆಸರಿನಲ್ಲಿ ಬಂದು, 1980ರಲ್ಲಿ ಈಗಿನ ಹೆಸರಿನಲ್ಲಿ ಮತ್ತೆ ಬಿಡುಗಡೆಯಾಯಿತು. ನ್ಯೂಯಾರ್ಕ್‌ನಲ್ಲಿ ಅತ್ಯಾಚಾರಕ್ಕೊಳಗಾದ ಯುವತಿಯೊಬ್ಬಳು ಝಾರ್ಕಿಯ ಎದುರಿಗೇ ಬಂದಿದ್ದಳು. ಅವಳನ್ನು ಪೊಲೀಸರ ಬಳಿಗೆ ಕರೆದೊಯ್ದಾಗ ಅವರು ನಡೆದುಕೊಂಡ ರೀತಿ ಕಂಡ ಸಿಟ್ಟೇ ಈ ಸಿನಿಮಾಕ್ಕೆ ಕಾರಣ ಎಂದು ಆತ ಹೇಳಿದ್ದಾನೆ. ಕ್ಯಾಮಿಲ್ ಕೀಟನ್ ಮಾಡಿದ ಜೆನಿಫರ್ ನಗರದ ಲೇಖಕಿ, ಬರೆಯಲೆಂದು ನದಿ ದಂಡೆಯ ಮನೆಗೆ ಬರುತ್ತಾಳೆ. ಊರಿನ ನಾಲ್ವರು ಅವಳ ಮೇಲೆ ಬೀಳುತ್ತಾರೆ. ಅವಳು ಪಾರಾಗಿ ತೆವಳುತ್ತಾಳೆ, ಮತ್ತೆ ಸಿಗುತ್ತಾಳೆ, ಮತ್ತೆ ತೆವಳುತ್ತಾಳೆ. ಈ ಭಾಗ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದವಿದೆ.

ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ. ಸಿನಿಮಾದಷ್ಟೇ ಅವರನ್ನು ಕಲಕಿದ್ದು ಥಿಯೇಟರಿನ ಜನ: ಅತ್ಯಾಚಾರದ ದೃಶ್ಯಗಳಿಗೂ ಉತ್ಸಾಹದ ಕೂಗು, ಸೇಡಿಗೂ ಉತ್ಸಾಹದ ಕೂಗು. ಬ್ರಿಟನ್ನಿನಲ್ಲಿ ಕ್ರೇವನ್‌ನ ಚಿತ್ರದ ಜೊತೆಗೆ ಇದೂ 80ರ ದಶಕದ ‘ವಿಡಿಯೋ ನ್ಯಾಸ್ಟಿ’ ಪಟ್ಟಿ, ಅಂದರೆ ಅಶ್ಲೀಲವೆಂದು ಕಾನೂನಿನ ಕಣ್ಣಿಗೆ ಬಿದ್ದ ವಿಡಿಯೋಗಳ ಪಟ್ಟಿ, ಸೇರಿತು. ಇನ್ನೊಂದು ಕಡೆ, ವಿದ್ವಾಂಸೆ ಕ್ಯಾರಲ್ ಕ್ಲೋವರ್ 1992ರ ತಮ್ಮ ಪುಸ್ತಕದಲ್ಲಿ ಇದನ್ನು ಗಂಭೀರವಾಗಿ ಎತ್ತಿಕೊಂಡರು. ಇಂಥ ಚಿತ್ರಗಳಲ್ಲಿ ಗಂಡು ಪ್ರೇಕ್ಷಕನೂ ಹೆಣ್ಣಿನ ಜಾಗದಲ್ಲಿ ನಿಂತೇ ನೋಡಬೇಕಾಗುತ್ತದೆ ಎಂಬುದು ಅವರ ವಾದ. ನಗರದ ಅನುಕೂಲಸ್ಥೆಯ ಮೇಲೆ ಹಳ್ಳಿಯ ಬಡ ಗಂಡಸರಿಗಿರುವ ಅಸೂಯೆಯನ್ನೂ ಅವರು ಬಿಡಿಸಿ ತೋರಿಸುತ್ತಾರೆ. ಸ್ತ್ರೀವಾದಿ ಪತ್ರಕರ್ತೆ ಜೂಲಿ ಬಿಂಡೆಲ್ ಹಿಂದೆ ಈ ಚಿತ್ರದ ವಿರುದ್ಧ ಪ್ರತಿಭಟಿಸಿದವರು. 2011ರಲ್ಲಿ ತಮ್ಮ ನಿಲುವು ಬದಲಾಗಿದೆ ಎಂದು ಬರೆದರು.

ನಾನು ಇವರ ನಡುವೆ ಎಲ್ಲಿದ್ದೇನೆ? ಚಿತ್ರಕ್ಕೆ ಹಿನ್ನೆಲೆ ಸಂಗೀತವಿಲ್ಲ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಹಕ್ಕಿಗಳ ಸದ್ದು, ದೋಣಿಯ ಮೋಟಾರು, ಅವಳ ಕಿರುಚಾಟ, ಅಷ್ಟೇ. ಹೀಗೆ ಭಾವಿಸು ಎಂದು ಹೇಳಿಕೊಡುವವರು ಯಾರೂ ಇಲ್ಲ. ಆ ದೀರ್ಘ ಭಾಗದಲ್ಲಿ ನನಗೆ ಒಂದು ಕ್ಷಣವೂ ರುಚಿ ಹುಟ್ಟಲಿಲ್ಲ, ವಾಕರಿಕೆ ಬಂತು. ಅತ್ಯಾಚಾರ ಎಂಬುದು ಎಷ್ಟು ಹೇಸಿಗೆಯ, ಎಷ್ಟು ಬೇಸರದ ಕ್ರೌರ್ಯ ಎಂದು ತೋರಿಸಿದ ಸಿನಿಮಾ ಇದು ಎಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದನ್ನು ಅರ್ಥ ಮಾಡಿಸಲು ಅಷ್ಟು ಹೊತ್ತು ಬೇಕಿರಲಿಲ್ಲ. ಮೂರನೆಯ ಸಲ ಅವಳನ್ನು ಹಿಡಿದಾಗ ನನಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಇನ್ನು ಸೇಡು. ಜೆನಿಫರ್ ಮೊದಲು ಚರ್ಚಿಗೆ ಹೋಗಿ, ಮಾಡಲಿರುವ ಕೆಲಸಕ್ಕೆ ಮುಂಗಡವಾಗಿ ಕ್ಷಮೆ ಕೇಳುತ್ತಾಳೆ. ಆ ನಾಲ್ವರಲ್ಲಿ ಜಾನಿ ಎಂಬವನಿಗೆ ಬಂದೂಕು ಹಿಡಿದಾಗ ಅವನು ತಪ್ಪನ್ನೆಲ್ಲ ಅವಳ ಉಡುಗೆ ನಡಿಗೆಯ ಮೇಲೆ ಹೊರಿಸುತ್ತಾನೆ. ಅವಳು ಒಪ್ಪಿದವಳಂತೆ ಮನೆಗೆ ಕರೆದೊಯ್ದು ಸ್ನಾನದ ತೊಟ್ಟಿಗೆ ಇಳಿಸಿ, ಚಾಕುವಿನಿಂದ ಕೆಲಸ ಮುಗಿಸುತ್ತಾಳೆ. ಆಮೇಲೆ ಬಾಗಿಲಿಗೆ ಬೀಗ ಹಾಕಿ, ಕೆಳಗೆ ಬಂದು, ಒಪೆರಾದ ರೆಕಾರ್ಡ್ ಹಚ್ಚಿ ಕುಳಿತುಕೊಳ್ಳುತ್ತಾಳೆ. ಮೇಲಿನಿಂದ ಅವನ ಅರಚಾಟ, ಕೆಳಗೆ ಇಟಲಿಯ ಸಂಗೀತಗಾರ ಪುಚ್ಚಿನಿಯ ಒಪೆರಾ, ಕೀಟನ್‌ಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಗೆಳೆಯರ ಜೊತೆ ನೋಡಿದಾಗ ಈ ದೃಶ್ಯಕ್ಕೆ ಕೋಣೆಯಲ್ಲಿ ಚಪ್ಪಾಳೆ ಬಿತ್ತು, ನನ್ನದೂ ಸೇರಿ. ಒಬ್ಬನೇ ಕುಳಿತು ನೋಡಿದಾಗ ಅದೇ ಮುಖ ಭಯ ಹುಟ್ಟಿಸಿತು, ಏಕೆಂದರೆ ಆ ಮುಖದಲ್ಲಿ ನಾನು ಹುಡುಕುತ್ತಿದ್ದ ನೆಮ್ಮದಿ ಇರಲಿಲ್ಲ. ಬುದ್ಧಿ ಬೆಳೆಯದ ಮ್ಯಾಥ್ಯೂನನ್ನು ಮೋಹಿಸಿ ನೇಣಿಗೇರಿಸುವ ದೃಶ್ಯ ನನಗೆ ಎರಡೂ ಸಲ ಹಿಡಿಸಲಿಲ್ಲ. ಅವನೂ ಅಪರಾಧಿಯೇ, ಒಪ್ಪುತ್ತೇನೆ. ಆದರೆ ಉಳಿದವರು ಅವನನ್ನು ದೂಡಿ ತಂದದ್ದನ್ನು ಚಿತ್ರವೇ ತೋರಿಸಿದೆ; ನೇಣಿನ ಹೊತ್ತಿಗೆ ಅದನ್ನು ಮರೆತಂತೆ ನಟಿಸುತ್ತದೆ.

2010ರ ಮರುನಿರ್ಮಾಣದಲ್ಲಿ ಜೆನಿಫರ್ ಒಬ್ಬ ಹೆಣ್ಣಾಗಿ ಉಳಿಯುವುದಿಲ್ಲ, ಚಿತ್ರಹಿಂಸೆಯ ಬಲೆ ಹೆಣೆಯುವ ಯಂತ್ರವಾಗುತ್ತಾಳೆ. ಅದನ್ನು ಹೋಲಿಕೆಗೆ ತೆಗೆದುಕೊಳ್ಳಲೂ ನನಗೆ ಮನಸ್ಸಿಲ್ಲ.

ಮೂರನೆಯದು ಫ್ರಾನ್ಸಿನ ಕೋರಲಿ ಫಾರ್ಜಾಳ ‘ರಿವೆಂಜ್’, 2017ರದು, ಮೊರಾಕ್ಕೊದ ಮರುಭೂಮಿಯಲ್ಲಿ ತೆಗೆದದ್ದು. ಇಲ್ಲಿಗೆ ಬಂದಾಗ ನನ್ನ ಪ್ರಶ್ನೆಗೆ ಮೊದಲ ಬಾರಿ ನೇರವಾದ ಉತ್ತರ ಸಿಕ್ಕಿತು. ಸ್ಟ್ಯಾನ್ ಎಂಬವನು ನಾಯಕಿ ಜೆನ್‌ಳ ಮೇಲೆ ಬೀಳುವಾಗ ಅವನ ಗೆಳೆಯ ಡಿಮಿಟ್ರಿ ಬಾಗಿಲ ಬಳಿಗೆ ಬರುತ್ತಾನೆ, ಏನೋ ತಿನ್ನುತ್ತಾ ನೋಡುತ್ತಾನೆ, ಬಾಗಿಲು ಎಳೆದುಕೊಂಡು ಹೋಗಿ ಟಿ.ವಿ.ಯ ಸದ್ದು ಏರಿಸುತ್ತಾನೆ, ಈಜಲು ಇಳಿಯುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುತ್ತದೆ. ನಾವು ಅವಳ ದೇಹ ನೋಡುವುದಿಲ್ಲ, ಕೇಳಿಸಿಕೊಂಡೂ ಸುಮ್ಮನಿದ್ದವನನ್ನು ನೋಡುತ್ತೇವೆ. ಝಾರ್ಕಿ ಅಷ್ಟೊಂದು ಹೊತ್ತು ತೆಗೆದುಕೊಂಡು ಹೇಳಿದ್ದನ್ನು ಫಾರ್ಜಾ ಈಜುಕೊಳದ ಒಂದು ದೃಶ್ಯದಲ್ಲಿ ಹೇಳಿದ್ದಾಳೆ, ಹೆಚ್ಚು ಕೋಪದಿಂದ ಹೇಳಿದ್ದಾಳೆ.

ಅಲ್ಲಿಂದ ಮುಂದೆ ಚಿತ್ರ ನೆಲ ಬಿಟ್ಟು ಹಾರುತ್ತದೆ. ಬಂಡೆಯಿಂದ ತಳ್ಳಿಸಿಕೊಂಡ ಜೆನ್ ಮರದ ಕೊಂಬೆಗೆ ಚುಚ್ಚಿಕೊಂಡು ನೇತಾಡುತ್ತಾಳೆ, ಅವಳ ರಕ್ತದ ಹನಿ ಇರುವೆಗಳ ಮೇಲೆ ಬೀಳುವುದನ್ನು ಅತಿ ಹತ್ತಿರದಿಂದ ನೋಡುತ್ತೇವೆ, ಬಿಯರ್ ಡಬ್ಬಿಯನ್ನು ಕಾಯಿಸಿ ಗಾಯ ಸುಟ್ಟುಕೊಂಡರೆ ಅದರ ಮೇಲಿನ ಹಕ್ಕಿಯ ಚಿತ್ರ ಹೊಟ್ಟೆಯ ಮೇಲೆ ಅಚ್ಚಾಗುತ್ತದೆ. ಇದು ಪುರಾಣದ ಪುನರ್ಜನ್ಮ. ಮನೆಯ ಕಾರಿಡಾರುಗಳಲ್ಲಿ ರಕ್ತದ ಮೇಲೆ ಜಾರುತ್ತಾ ನಡೆಯುವ ಕೊನೆಯ ಬೇಟೆಯಲ್ಲಿ ಬೆತ್ತಲಾಗಿರುವವನು ಗಂಡಸು. ಈ ನಾಲ್ಕರಲ್ಲಿ ನಾನು ಅಪರಾಧಪ್ರಜ್ಞೆಯಿಲ್ಲದೆ ಹಿಗ್ಗಿದ ಸೇಡು ಇದೊಂದೇ. ಆದರೆ ಮರುದಿನ ಅದರ ಭಾರ ನನ್ನ ಮೇಲೆ ಉಳಿಯಲಿಲ್ಲ. ಜೆನ್‌ಗೆ ಮುಂದೇನಾಯಿತು ಎಂದು ಒಮ್ಮೆಯೂ ಯೋಚಿಸಲಿಲ್ಲ. ಅದು ನನಗೆ ಕೊರತೆಯಾಗಿಯೇ ತೋರುತ್ತದೆ.

ನಡುವೆ ಏಬಲ್ ಫೆರಾರಾನ 1981ರ ‘ಮಿಸ್. 45’ನ್ನೂ ನೋಡಿದೆ. ಮಾತು ಬಾರದ ದರ್ಜಿ ಹುಡುಗಿ ತಾನಾ, ಅಪರಾಧಿಯಿಂದ ಶುರುಮಾಡಿ ಎದುರಿಗೆ ಸಿಕ್ಕ ಗಂಡಸರನ್ನೆಲ್ಲ ಕೊಲ್ಲತೊಡಗುತ್ತಾಳೆ. ಸೇಡು ಎಲ್ಲಿ ನಿಲ್ಲಬೇಕು ಎಂದು ಕೇಳಿದ್ದಕ್ಕೆ ಅದಕ್ಕೆ ಗೌರವ. ನಾಲ್ಕರೊಳಗೆ ಸೇರಿಸಲಿಲ್ಲ, ಅದರ ಹುಚ್ಚು ಬೇರೆಯೇ ಜಾತಿಯದು.

ಕೊನೆಯದು ಜೆನಿಫರ್ ಕೆಂಟ್‌ಳ ‘ದಿ ನೈಟಿಂಗೇಲ್’, 2018. ಎಕ್ಸ್‌ಪ್ಲಾಯ್ಟೇಶನ್ ಎಂದು ಇದನ್ನು ಕರೆಯಲಾಗದು. ಆದರೆ ಅದೇ ಕಥೆಯನ್ನೇ ಎತ್ತಿಕೊಂಡು ಆ ಪರಂಪರೆಗೆ ಉತ್ತರ ಕೊಟ್ಟಿದೆ. 1825ರ ಟ್ಯಾಸ್ಮೇನಿಯಾ, ಆಗಿನ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. ಐರಿಷ್ ಕೈದಿ ಹೆಂಗಸು ಕ್ಲೇರ್‌ಳ ಗಂಡನನ್ನೂ ಕೂಸನ್ನೂ ಬ್ರಿಟಿಷ್ ಅಧಿಕಾರಿ ಹಾಕಿನ್ಸ್‌ನ ತಂಡ ಕೊಲ್ಲುತ್ತದೆ. ಅತ್ಯಾಚಾರದ ದೃಶ್ಯಗಳಲ್ಲಿ ಹೆಚ್ಚು ಕಮ್ಮಿ ಚೌಕವಾದ ಚೌಕಟ್ಟನ್ನು ಅವಳ ಮುಖವೇ ತುಂಬಿಕೊಳ್ಳುತ್ತದೆ. ಮುಖದಿಂದ ತಪ್ಪಿಸಿಕೊಂಡು ಕಣ್ಣು ಹಾಯಿಸಲು ಬೇರೆ ಜಾಗವೇ ಇಲ್ಲ. ಸಿಡ್ನಿಯ ಚಿತ್ರೋತ್ಸವದಲ್ಲಿ ಕೆಲವರು ಎದ್ದು ಹೋದರು. ವೆನಿಸ್‌ನಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂದಿತ್ತು.

ಕ್ಲೇರ್ ಮೊದಲು ಹಿಡಿಯುವುದು ತಂಡದ ಎಳೆಯ ಸೈನಿಕನನ್ನು. ಇರಿಯುತ್ತಾಳೆ, ಅವನು ಸಾಯುವುದಿಲ್ಲ. ಕೊನೆಗೆ ಬಂದೂಕಿನ ಹಿಡಿಯಿಂದ ಅವನ ಮುಖವನ್ನು ಜಜ್ಜುತ್ತಾಳೆ. ನಾನು ಬಯಸಿದ್ದು ಇದನ್ನೇ, ಸಿಕ್ಕಾಗ ನನಗೆ ಬೇಡವಾಯಿತು. ಅವಳಿಗೂ ಬೇಡವಾಗುತ್ತದೆ. ಸತ್ತವನು ಕನಸಿಗೆ ಬರುತ್ತಾನೆ. ಹಾಕಿನ್ಸ್ ಎದುರಿಗೆ ಸಿಕ್ಕಾಗ ಅವಳ ಕೈ ಏಳುವುದಿಲ್ಲ. ಹಾಕಿನ್ಸ್‌ನನ್ನು ಕೊಲ್ಲುವುದು ಅವಳಿಗೆ ದಾರಿ ತೋರಿಸುತ್ತಾ ಬಂದ ಆದಿವಾಸಿ ಬಿಲ್ಲಿ. ತನ್ನ ಜನ, ತನ್ನ ನೆಲ, ತನ್ನ ಭಾಷೆ ಕಳೆದುಕೊಂಡವನು ಅವನು. ಅವನ ಲೆಕ್ಕ ಅವಳದಕ್ಕಿಂತ ಹಳೆಯದು. ಇಲ್ಲಿ ಮಾತ್ರ ನನಗೆ ಸಂದೇಹ ಬಂತು. ಬಿಳಿಯ ಹೆಣ್ಣಿನ ಕೈ ಶುದ್ಧವಾಗಿ ಉಳಿಯಲೆಂದು ಕರಿಯನ ಕೈಗೆ ಈಟಿ ಕೊಟ್ಟರೇ? ಎರಡನೆಯ ಸಲ ನೋಡಿದಾಗ ಆ ಸಂದೇಹ ಪೂರ್ತಿ ಹೋಗಲಿಲ್ಲ. ಆದರೆ ಬೈಕಲಿ ಗನಂಬಾರ್ ಆ ಪಾತ್ರಕ್ಕೆ ತಂದ ಸಿಟ್ಟು ಮತ್ತು ಘನತೆ ಯಾರ ಪರವಾಗಿಯೂ ಎರವಲು ಪಡೆದದ್ದಲ್ಲ ಎಂಬುದು ಸ್ಪಷ್ಟವಾಯಿತು.

ಯಾವುದನ್ನು ನೋಡಲಿ ಎಂದು ಗೆಳೆಯರು ಕೇಳಿದರೆ, ಮೊದಲು ‘ರಿವೆಂಜ್’ ಎನ್ನುತ್ತೇನೆ. ಗಟ್ಟಿ ಮನಸ್ಸಿದ್ದರೆ ‘ದಿ ನೈಟಿಂಗೇಲ್’, ಅದೂ ಮರುದಿನ ಬಿಡುವಿರುವಾಗ. ಕ್ರೇವನ್‌ನ ಚಿತ್ರವನ್ನು ಬರ್ಗ್‌ಮನ್‌ನದರ ಜೊತೆ ಸೇರಿಸಿಯೇ ನೋಡಬೇಕು. ಝಾರ್ಕಿಯದನ್ನು ಯಾರಿಗೂ ನಾನಾಗಿ ಶಿಫಾರಸು ಮಾಡುವುದಿಲ್ಲ, ಇಂಥದ್ದನ್ನು ಅನುಭವಿಸಿದ ಯಾರ ಎದುರಿಗೂ ಅದರ ಹೆಸರೆತ್ತುವುದಿಲ್ಲ. ಹಾಗಿದ್ದರೂ ಅದನ್ನು ನಿಷೇಧಿಸಬೇಕು ಎನ್ನುವವರ ಜೊತೆ ನಾನು ನಿಲ್ಲಲಾರೆ. ಸ್ನಾನದ ಕೋಣೆಯ ಬಾಗಿಲಿಗೆ ಬೀಗ ಹಾಕಿ ಬಂದು ಕುಳಿತ ಆ ಹೆಂಗಸಿನ ಮುಖದಲ್ಲಿ ಏನಿತ್ತು ಎಂಬುದನ್ನು ನಾನಿನ್ನೂ ಬಿಡಿಸಿ ಮುಗಿಸಿಲ್ಲ.