ಮಾಡರ್ನ್ ವಾರ್‌ಫೇರ್, ಬ್ಯಾಟಲ್‌ಫೀಲ್ಡ್ 1: ಎರಡನ್ನೂ ಆಡಿ ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಯುದ್ಧದ ವಿಡಿಯೊ ಗೇಮ್‌ಗಳಲ್ಲಿ ನನ್ನ ಓಟು ಬ್ಯಾಟಲ್‌ಫೀಲ್ಡ್ 1ಕ್ಕೆ. ಹಾಗಂತ 2019ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ ಕೆಟ್ಟ ಗೇಮ್ ಅಲ್ಲ. ಕ್ಯಾಂಪೇನ್‌ನ, ಅಂದರೆ ಒಬ್ಬರೇ ಆಡುವ ಕಥೆಯ ಮಟ್ಟಿಗೆ ಅದರ ಒಂದೆರಡು ಮಿಷನ್‌ಗಳನ್ನು ಮೀರಿಸುವಂಥದ್ದು ಬ್ಯಾಟಲ್‌ಫೀಲ್ಡ್‌ನಲ್ಲಿ ಇಲ್ಲವೇ ಇಲ್ಲ. ಆದರೆ ನಾನು ಆಡುವುದು ರಾತ್ರಿ ಊಟ ಆದ ಮೇಲೆ. ಒಂದು ಗಂಟೆ ಸಿಕ್ಕರೆ ಅದೇ ಜಾಸ್ತಿ. ಇಂಟರ್‌ನೆಟ್ ನಮ್ಮ ಊರಿನ ಕೇಬಲ್‌ನವರದ್ದು, ತಿಂಗಳಿಗೆ ಇಷ್ಟೇ ಡೇಟಾ ಅಂತ ಮಿತಿ ಇದೆ. ಎಸ್‌ಎಸ್‌ಡಿ 500 ಜಿಬಿಯದ್ದು, ಅದರಲ್ಲೇ ಆಫೀಸಿನ ಫೈಲ್‌ಗಳೂ ಇವೆ. ಮಾಡರ್ನ್ ವಾರ್‌ಫೇರ್‌ಗೆ ಪೂರ್ತಿ ಬೆಲೆ ಕೊಟ್ಟಿದ್ದೆ. ಬ್ಯಾಟಲ್‌ಫೀಲ್ಡ್ 1 ಎಲ್ಲ ಡಿಎಲ್‌ಸಿ (ಆಮೇಲೆ ಬಂದ ಹೆಚ್ಚುವರಿ ಭಾಗಗಳು) ಸೇರಿ ಸೇಲ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕಿತು. ನಿಮ್ಮ ಪರಿಸ್ಥಿತಿ ಬೇರೆ ಇದ್ದರೆ ನಿಮ್ಮ ತೀರ್ಮಾನವೂ ಬೇರೆ ಆಗಬಹುದು.

ಕ್ಯಾಂಪೇನ್‌ನಿಂದ ಶುರು ಮಾಡೋಣ.

ಮಾಡರ್ನ್ ವಾರ್‌ಫೇರ್‌ನಲ್ಲಿ 14 ಮಿಷನ್‌ಗಳಿವೆ. ಅದರಲ್ಲಿ 'ಕ್ಲೀನ್ ಹೌಸ್' ಅನ್ನುವುದೊಂದನ್ನು ಆಡಿದರೂ ಕ್ಯಾಂಪೇನ್‌ಗೆ ಕೊಟ್ಟ ದುಡ್ಡು ವಸೂಲು. ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಒಂದು ಇಕ್ಕಟ್ಟಾದ ಮಹಡಿ ಮನೆ. ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಪ್ರೈಸ್ ಜೊತೆ ಹಿಂಬಾಗಿಲಿನಿಂದ ಒಳಗೆ ಹೋಗುತ್ತೇವೆ. ಕರೆಂಟ್ ತೆಗೆದ ಮೇಲೆ ನೈಟ್ ವಿಷನ್‌ನಲ್ಲಿ ಎಲ್ಲವೂ ಹಸಿರು. ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು, ಮಾತೆಲ್ಲ ಪಿಸುದನಿಯಲ್ಲಿ. ಬಾಗಿಲನ್ನು ಒಮ್ಮೆಗೇ ತಳ್ಳಬೇಕಿಲ್ಲ, ಸಂದಿಯಷ್ಟೇ ತೆರೆದು ಒಳಗೆ ಇಣುಕಬಹುದು. ಒಂದು ಕೋಣೆಯಲ್ಲಿ ಹೆಂಗಸೊಬ್ಬಳು ಸರಕ್ಕನೆ ತೊಟ್ಟಿಲ ಕಡೆ ಹಾರುತ್ತಾಳೆ. ಅವಳು ಹೋದದ್ದು ಮಗುವಿಗೋ ಬಂದೂಕಿಗೋ ಅಂತ ತಿಳಿಯಲು ಅರೆಕ್ಷಣವೂ ಸಿಗುವುದಿಲ್ಲ. ಕೊನೆಗೆ ಅಟ್ಟದಲ್ಲಿ ಇನ್ನೊಬ್ಬಳು ಬೇಡಿಕೊಳ್ಳುತ್ತಲೇ ಕೈ ಚಾಚುತ್ತಾಳೆ, ಅಲ್ಲಿರುವುದು ಡಿಟೋನೇಟರ್. ಇಷ್ಟೂ ಮುಗಿಯುವುದು ಕೆಲವೇ ನಿಮಿಷಗಳಲ್ಲಿ. ಗನ್‌ನ ಸದ್ದು, ಗೋಡೆಯಾಚೆಯ ಕೂಗು, ಕಾಲಡಿಯ ಮರದ ಕಿರುಗುಟ್ಟುವಿಕೆ, ಪ್ರತಿಯೊಂದನ್ನೂ ಅಳೆದು ಇಟ್ಟಿದ್ದಾರೆ. ಹೆಡ್‌ಫೋನ್ ಹಾಕಿಕೊಂಡೇ ಆಡಿ.

ನನಗೆ ಸರಿ ಬರದ್ದು ಕಥೆ ನಡೆಯುವ ಜಾಗ. ಉರ್ಜಿಕ್‌ಸ್ತಾನ್ ಅನ್ನುವುದು ಇಲ್ಲದ ದೇಶ. ಹೆಸರು ಕಲ್ಪಿತ, ಆದರೆ ಘಟನೆಗಳು ನಿಜದ ಇತಿಹಾಸದಿಂದ ಎತ್ತಿದವು. 'ಹೈವೇ ಆಫ್ ಡೆತ್' ಅಂತ ಒಂದು ಮಿಷನ್ ಇದೆ. ನಿಜದಲ್ಲಿ ಆ ಹೆಸರು ಬಂದದ್ದು 1991ರ ಫೆಬ್ರವರಿಯಲ್ಲಿ. ಕುವೈತ್‌ನಿಂದ ಹಿಂದೆ ಸರಿಯುತ್ತಿದ್ದ ಇರಾಕಿ ಸೈನಿಕರ ಮೇಲೆ ಅಮೆರಿಕ ನೇತೃತ್ವದ ಪಡೆಗಳು ಬಾಂಬ್ ಹಾಕಿದ ಹೆದ್ದಾರಿ ಅದು. ಗೇಮ್‌ನಲ್ಲಿ ಅದನ್ನು ಮಾಡಿದವರು ರಷ್ಯನ್ನರು ಅಂತ ಬರುತ್ತದೆ. ಹೆಸರನ್ನು ಹಾಗೇ ಇಟ್ಟುಕೊಂಡು ಹೊಣೆಯನ್ನು ಮಾತ್ರ ಬೇರೆಯವರ ತಲೆಗೆ ಕಟ್ಟಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆ ದೇಶದ ಬಂಡಾಯಗಾರರ ನಾಯಕಿ ಫರಾ ಕರೀಂ ಪಾತ್ರವನ್ನು ಅಷ್ಟು ಚೆನ್ನಾಗಿ ಕಟ್ಟಿದವರು ಇಲ್ಲಿ ಹೀಗೇಕೆ ಮಾಡಿದರು ಅಂತ ಬೇಸರವಾಯಿತು.

ಬ್ಯಾಟಲ್‌ಫೀಲ್ಡ್ 1 ಬಂದದ್ದು 2016ರಲ್ಲಿ, ಕಥೆ ಮೊದಲ ಮಹಾಯುದ್ಧದ್ದು. ಶುರುವಿನ ಭಾಗವೇ ಬೇರೆ ಥರ. ನೀವು ಹಾರ್ಲೆಮ್ ಹೆಲ್‌ಫೈಟರ್ಸ್ ಅನ್ನುವ ಕಪ್ಪು ಅಮೆರಿಕನ್ನರ ರೆಜಿಮೆಂಟಿನ ಸೈನಿಕ. ಬದುಕುವ ಆಸೆ ಇಟ್ಟುಕೊಳ್ಳಬೇಡಿ ಅನ್ನುವ ಅರ್ಥದ ಮಾತು ಮೊದಲೇ ತೆರೆಯ ಮೇಲೆ ಬರುತ್ತದೆ. ಹಾಗೇ ಆಗುತ್ತದೆ. ಸತ್ತಾಗ ಒಂದು ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ. ಆಮೇಲೆ ಕ್ಯಾಮೆರಾ ಮೇಲೆದ್ದು ಹೋಗಿ ಇನ್ನೊಬ್ಬ ಸೈನಿಕನ ಮೇಲೆ ಇಳಿಯುತ್ತದೆ. ಈಗ ನೀವು ಅವನು. ಮತ್ತೆ ಸಾವು, ಮತ್ತೊಂದು ಹೆಸರು. ಸಾಮಾನ್ಯವಾಗಿ ಗೇಮ್‌ನಲ್ಲಿ ಸಾವು ಅಂದರೆ ಹಳೆಯ ಚೆಕ್‌ಪಾಯಿಂಟ್‌ಗೆ ವಾಪಸ್. ಇಲ್ಲಿ ಸತ್ತವನು ವಾಪಸ್ ಬರುವುದಿಲ್ಲ.

ಅಲ್ಲಿಂದ ಮುಂದೆ ಐದು ಬೇರೆ ಬೇರೆ ಕಥೆಗಳು. ಕೆಸರಲ್ಲಿ ಹೂತುಕೊಳ್ಳುವ 'ಬ್ಲ್ಯಾಕ್ ಬೆಸ್' ಟ್ಯಾಂಕ್‌ನ ಕಥೆ ನನಗೆ ಅಚ್ಚುಮೆಚ್ಚು. ಅದರಲ್ಲಿ ಸಂದೇಶ ಹೊತ್ತ ಪಾರಿವಾಳವಾಗಿ ಯುದ್ಧಭೂಮಿಯ ಮೇಲೆ ಹಾರುವ ಒಂದು ತುಣುಕಿದೆ. ಅಷ್ಟು ಹೊತ್ತೂ ಗುಂಡಿನ ಸದ್ದು ದೂರ ಸರಿದಿರುತ್ತದೆ. ಗಲ್ಲಿಪೋಲಿಯ ಕಥೆ ಪರವಾಗಿಲ್ಲ. ಇಟಲಿಯ ಕವಚಧಾರಿಯದ್ದು ಚಿಕ್ಕದು. ಪೈಲಟ್‌ನದ್ದು ನೋಡಲು ಚಂದ, ಅಷ್ಟೇ. ಎಲ್ಲದರಲ್ಲೂ ಇರುವ ತೊಂದರೆ ಒಂದೇ: ಬಚ್ಚಿಟ್ಟುಕೊಂಡು ಶತ್ರುವಿನ ಕ್ಯಾಂಪ್‌ಗೆ ನುಗ್ಗುವ ಭಾಗ ಪದೇ ಪದೇ ಬರುತ್ತದೆ, ಆ ಶತ್ರುಗಳು ದಡ್ಡರು.

ಇನ್ನೊಂದು ಕೊರಗೂ ಇದೆ. ಮರುಭೂಮಿಯ ಕಥೆಯಲ್ಲಿ ಝಾರಾ ಅನ್ನುವ ಬೆದೂಯಿನ್ ಹುಡುಗಿ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಆಫ್ ಅರೇಬಿಯಾ ಜೊತೆ ಸೇರಿ ಒಟ್ಟೋಮನ್ನರ (ತುರ್ಕರ) ಶಸ್ತ್ರಸಜ್ಜಿತ ರೈಲಿನ ಬೆನ್ನು ಹತ್ತುತ್ತಾಳೆ. ಚೆನ್ನಾಗಿದೆ. ಆದರೆ ಅದೇ ಒಟ್ಟೋಮನ್ನರ ಎದುರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಈಟಿ, ಕತ್ತಿ ಹಿಡಿದು ಕುದುರೆ ಓಡಿಸಿದವರು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್. ಮಷಿನ್ ಗನ್ ಮತ್ತು ಫಿರಂಗಿಗಳ ಎದುರು ಕುದುರೆ! ಅವರ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ನಿಂತಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕ ಇದೆ. ಮೊದಲ ಮಹಾಯುದ್ಧಕ್ಕೆ ಹೋದ ಭಾರತೀಯರು 13 ಲಕ್ಷ ಅನ್ನುತ್ತಾರೆ. ಐದು ಕಥೆಗಳಲ್ಲಿ ಒಂದಕ್ಕೂ ಅವರಲ್ಲೊಬ್ಬ ನಾಯಕನಾಗಿಲ್ಲ. ಆನ್‌ಲೈನ್‌ನಲ್ಲಿ ಹಲವರು ಸೇರಿ ಆಡುವ ಮಲ್ಟಿಪ್ಲೇಯರ್‌ನ ಸಿನಾಯ್ ಮರುಭೂಮಿ ಮ್ಯಾಪ್‌ನಲ್ಲಿ ಕುದುರೆ ಹತ್ತಿ ಕತ್ತಿ ಎತ್ತಿದಾಗೆಲ್ಲ ನನಗೆ ಹೈಫಾ ನೆನಪಾಗುತ್ತದೆ. ಕಥೆಯಲ್ಲೂ ಅದು ಇರಬೇಕಿತ್ತು.

ಇಷ್ಟಾದರೂ ಕ್ಯಾಂಪೇನ್ ಮಟ್ಟಿಗೆ ಮಾಡರ್ನ್ ವಾರ್‌ಫೇರ್ ಒಂದು ಕೈ ಮೇಲೆ. ಹಾಗಾದರೆ ಅದನ್ನೇಕೆ ತೆಗೆದುಹಾಕಿದೆ ಅಂದರೆ, ಗಾತ್ರ.

ಸುಮ್ನೆ ಗೊಣಗುತ್ತಿಲ್ಲ, ಲೆಕ್ಕ ಕೇಳಿ. 2020ರ ಮಾರ್ಚ್‌ನಲ್ಲಿ ವಾರ್‌ಜೋನ್ ಅನ್ನುವ ಉಚಿತ ಆನ್‌ಲೈನ್ ಆಟ ಬಂದು ಇದರೊಳಗೇ ಸೇರಿಕೊಂಡಿತು. ಆ ವರ್ಷವೇ ಪಿಸಿಯಲ್ಲಿ ಗೇಮ್‌ನ ಗಾತ್ರ 200 ಜಿಬಿ ದಾಟಿತು. 250 ಜಿಬಿ ಎಸ್‌ಎಸ್‌ಡಿ ಇರುವವನು ವಿಂಡೋಸ್ ಮತ್ತು ಈ ಗೇಮ್ ಎರಡನ್ನೂ ಇಟ್ಟುಕೊಳ್ಳಲು ಒದ್ದಾಡಬೇಕಿತ್ತು. ನನ್ನ 500 ಜಿಬಿಯಲ್ಲೇ ಹತ್ತಿರ ಹತ್ತಿರ ಅರ್ಧ ಅದರ ಪಾಲಾಯಿತು. ಗಾತ್ರವನ್ನಾದರೂ ಸಹಿಸಬಹುದಿತ್ತು, ಅಪ್‌ಡೇಟ್ ಸಹಿಸುವುದು ಕಷ್ಟವಾಗಿತ್ತು. ಹೊಸ ಸೀಸನ್ ಬಂತೆಂದರೆ ಹತ್ತಾರು ಜಿಬಿ ಇಳಿಸಬೇಕಿತ್ತು. ನಮ್ಮ ಕೇಬಲ್‌ನಲ್ಲಿ ತಿಂಗಳ ಮಿತಿ ಮುಗಿದರೆ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 30 ಜಿಬಿ ಇಳಿಯಲು ಸುಮಾರು 33 ಗಂಟೆ ಬೇಕು. ಆ 200 ಜಿಬಿಯ ಪೂರ್ತಿ ಗೇಮ್ ಹೊಸದಾಗಿ ಇಳಿಸುವುದಾದರೆ ಒಂಬತ್ತು ದಿನ, ಅದೂ ಮನೆಯಲ್ಲಿ ಬೇರೆ ಯಾರೂ ನೆಟ್ ಮುಟ್ಟದಿದ್ದರೆ. ಅಮ್ಮನ ಸೀರಿಯಲ್ಲು, ತಂಗಿಯ ಆನ್‌ಲೈನ್ ಕ್ಲಾಸು, ಎಲ್ಲ ಅದೇ ವೈಫೈನಲ್ಲಿ ನಡೆಯಬೇಕಲ್ವಾ?

ಅಪ್‌ಡೇಟ್ ಮುಗಿದರೂ ಆಟ ಶುರುವಾಗುತ್ತಿರಲಿಲ್ಲ. ಶೇಡರ್‌ಗಳು (ದೃಶ್ಯ ಬಿಡಿಸುವ ಚಿಕ್ಕ ಪ್ರೋಗ್ರಾಂಗಳು) ಮತ್ತೆ ಇನ್‌ಸ್ಟಾಲ್ ಆಗಬೇಕಿತ್ತು. ನನ್ನ ಹಳೆ ಪ್ರೊಸೆಸರ್‌ನಲ್ಲಿ ಅದು ನಿಧಾನ, ಕಾಯದೆ ಒಳಗೆ ಹೋದರೆ ಮೊದಲ ಮ್ಯಾಚ್ ಪೂರ್ತಿ ತಡೆತಡೆದು ನಡೆಯುತ್ತಿತ್ತು. ಇನ್ನು ಕೆಲವೊಮ್ಮೆ ಮೆನುವರೆಗೆ ಬಂದ ಮೇಲೆ 'ಅಪ್‌ಡೇಟ್ ಇದೆ, ಗೇಮ್ ಮತ್ತೆ ತೆರೆಯಿರಿ' ಅನ್ನುತ್ತಿತ್ತು. ನಾನು ಹತ್ತಕ್ಕೆ ಕುಳಿತರೆ ಹನ್ನೊಂದಕ್ಕೆ ಏಳಬೇಕಾದವನು. ಆ ಒಂದು ಗಂಟೆ ಶೇಕಡಾವಾರು ಗೆರೆ ನೋಡುವುದರಲ್ಲೇ ಹೋದ ರಾತ್ರಿಗಳು ಬೇಕಾದಷ್ಟಿವೆ. ಕ್ಯಾಂಪೇನ್ ಒಬ್ಬನೇ ಆಡುವುದು, ಅದಕ್ಕೂ ಮಲ್ಟಿಪ್ಲೇಯರ್ ಅಪ್‌ಡೇಟ್‌ಗೂ ಸಂಬಂಧವೇ ಇಲ್ಲ. ಆದರೂ ಕಾಯಲೇಬೇಕಿತ್ತು.

ಆಮೇಲೆ ಕ್ಯಾಂಪೇನ್, ಮಲ್ಟಿಪ್ಲೇಯರ್, ಸ್ಪೆಷಲ್ ಆಪ್ಸ್ ಅಂತ ಭಾಗ ಭಾಗವಾಗಿ ಅಳಿಸುವ ಅವಕಾಶ ಬಂತು. 2021ರಲ್ಲಿ ಗಾತ್ರವೂ ಒಂದಷ್ಟು ಇಳಿಯಿತು. ಆಗ ನಾನು ಕ್ಯಾಂಪೇನ್ ತೆಗೆದೆ. ಅಂದರೆ ಆ ಗೇಮ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗವನ್ನೇ ಜಾಗಕ್ಕಾಗಿ ತೆಗೆಯಬೇಕಾಯಿತು. ಅಲ್ಲಿಂದ ಅದರ ಮೇಲಿನ ಆಸೆ ಕಡಿಮೆಯಾಗುತ್ತಾ ಹೋಯಿತು.

ಬ್ಯಾಟಲ್‌ಫೀಲ್ಡ್ 1 ಎಲ್ಲ ಡಿಎಲ್‌ಸಿ ಸೇರಿದರೂ ಆ 200 ಜಿಬಿಯ ಅರ್ಧ ಗಾತ್ರವಿಲ್ಲ. ಹೊಸ ಮ್ಯಾಪ್, ಹೊಸ ಗನ್ ಬರುವುದು 2018ಕ್ಕೇ ನಿಂತಿದೆ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಅದೇ ದೊಡ್ಡ ಅನುಕೂಲ. ಕಳೆದ ವಾರ ಹೇಗಿತ್ತೋ ಇವತ್ತೂ ಹಾಗೇ ಇರುತ್ತದೆ. ತೆರೆದರೆ ಆಟ.

ಈಗ ಮಲ್ಟಿಪ್ಲೇಯರ್.

ಮಾಡರ್ನ್ ವಾರ್‌ಫೇರ್‌ನ ಗನ್‌ಗಳು ಕೈಗೆ ಕೂರುವ ರೀತಿಗೆ ಸಾಟಿ ಇಲ್ಲ. ಒಂದು ಗನ್‌ಗೆ ಐದು ಅಟ್ಯಾಚ್‌ಮೆಂಟ್ ಹಾಕಿ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಇಬ್ಬರ ಎದುರು ಇಬ್ಬರು ಆಡುವ 'ಗನ್‌ಫೈಟ್' ಅದ್ಭುತ. ಎಲ್ಲರ ಕೈಗೂ ಒಂದೇ ಗನ್, ರೌಂಡಿಗೆ 40 ಸೆಕೆಂಡು, ಗಾಯ ತಾನಾಗಿ ವಾಸಿಯಾಗುವುದಿಲ್ಲ. ಆರು ರೌಂಡ್ ಮೊದಲು ಗೆದ್ದವರು ಗೆದ್ದರು. ನಾನೂ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನೂ ಇದನ್ನು ಬಹಳ ಆಡಿದ್ದೇವೆ. 'ಅಣ್ಣಾ, ಎಡಕ್ಕೆ ಒಬ್ಬ!' ಅಂತ ಅವನು ಕಿರುಚುವಷ್ಟರಲ್ಲಿ ರೌಂಡ್ ಮುಗಿದಿರುತ್ತಿತ್ತು.

ಆರಾರು ಜನರ ಮಾಮೂಲಿ ಮ್ಯಾಚ್‌ಗಳು ಮಾತ್ರ ದಣಿಸುತ್ತವೆ. ಹೆಜ್ಜೆ ಸದ್ದು ಜೋರು, ಗನ್ ಅನ್ನು ಕಿಟಕಿಗೆ ಒರಗಿಸಿಡಬಹುದು, ಬಾಗಿಲಲ್ಲಿ ಕ್ಲೇಮೋರ್ ಮೈನ್ ಇಡಬಹುದು. ಹೀಗಾಗಿ ಓಡಾಡುವವನಿಗಿಂತ ಮೂಲೆಯಲ್ಲಿ ಕೂರುವವನಿಗೇ ಲಾಭ. ಒಂದು ಮ್ಯಾಚ್ ಚೆನ್ನಾಗಿ ಆಡಿದರೆ ಮುಂದಿನದರಲ್ಲಿ ಇನ್ನೂ ಗಟ್ಟಿ ಆಳುಗಳ ಜೊತೆ ಜೋಡಿ ಹಾಕುತ್ತದೆ. ಮ್ಯಾಚ್ ಮುಗಿದರೆ ಲಾಬಿ ಚದುರಿಹೋಗುತ್ತದೆ, ಎದುರಾಳಿಯ ಹೆಸರು ನೆನಪಿಡಲೂ ಕಾರಣ ಇಲ್ಲ. ಸರ್ವರ್ ಆರಿಸುವ ಹಾಗೂ ಇಲ್ಲ.

ಬ್ಯಾಟಲ್‌ಫೀಲ್ಡ್ 1ರಲ್ಲಿ ಸರ್ವರ್ ಪಟ್ಟಿ ಕಣ್ಣೆದುರೇ ಇದೆ. ಎಷ್ಟು ಜನ ಇದ್ದಾರೆ, ಪಿಂಗ್ (ಸರ್ವರ್‌ನಿಂದ ಉತ್ತರ ಬರಲು ಹಿಡಿಯುವ ಸಮಯ) ಎಷ್ಟು, ಯಾವ ಮ್ಯಾಪ್, ಎಲ್ಲ ನೋಡಿ ಒಳಗೆ ಹೋಗಬಹುದು. ರಾತ್ರಿ ಏಷ್ಯಾದ ತುಂಬಿದ ಸರ್ವರ್ ಸಿಗುತ್ತದೆ, ಅದರಲ್ಲಿ ಜಾಸ್ತಿ ಕಾಂಕ್ವೆಸ್ಟ್, ಅಂದರೆ ಫ್ಲ್ಯಾಗ್‌ಗಳನ್ನು ಹಿಡಿದಿಟ್ಟುಕೊಳ್ಳುವ ಆಟ. 'ಆಪರೇಷನ್ಸ್' ಬೇಕೆಂದರೆ ನಾನು ಯುರೋಪಿಗೆ ಹೋಗುತ್ತೇನೆ. ಪಿಂಗ್ 150 ದಾಟುತ್ತದೆ. ನಿಖರ ಗುರಿ ಬೇಕಾದ ಸ್ನೈಪರ್ ಬಿಟ್ಟು ಬಿದ್ದವರನ್ನು ಎಬ್ಬಿಸುವ ಮೆಡಿಕ್ ಆಗಿ ಆಡಿದರೆ ಅದೂ ನಡೆಯುತ್ತದೆ.

ಆಪರೇಷನ್ಸ್ ಏನು ಅಂತ ಹೇಳಲೇಬೇಕು. 64 ಜನ, ಅರ್ಧ ದಾಳಿಗೆ, ಅರ್ಧ ಕಾವಲಿಗೆ. ದಾಳಿ ಮಾಡುವವರಿಗೆ ಮೂರು ಬೆಟಾಲಿಯನ್. ಮೊದಲನೆಯದು ಸೋತರೆ ನೆರವಿಗೆ ಜೆಪ್ಪಲಿನ್ ವಾಯುನೌಕೆ ಅಥವಾ ಶಸ್ತ್ರಸಜ್ಜಿತ ರೈಲು ಬರುತ್ತದೆ. 'ಕೈಸರ್‌ಶ್ಲಾಕ್ಟ್' ತೆಗೆದುಕೊಳ್ಳಿ, 1918ರ ವಸಂತದ ಜರ್ಮನ್ ದಾಳಿ. ಸೇಂಟ್ ಕ್ವೆಂಟಿನ್‌ನ ಬಯಲಲ್ಲಿ ಶುರುವಾಗಿ ಅಮಿಯೆನ್ ಪಟ್ಟಣದ ಬೀದಿಗಳಿಗೆ ಹೋಗುತ್ತದೆ. ಕಾವಲಿನ ಒಂದು ಸಾಲು ಬಿದ್ದ ತಕ್ಷಣ ಸೀಟಿ ಊದುತ್ತಾರೆ. ಮೂವತ್ತು ಜನ ಒಟ್ಟಿಗೆ ಕೂಗುತ್ತಾ ಮುಂದೆ ಓಡುತ್ತಾರೆ, ನಿಮಗೇ ಗೊತ್ತಿಲ್ಲದೆ ನೀವೂ ಓಡುತ್ತೀರಿ. ಅಷ್ಟರಲ್ಲಿ ಗ್ಯಾಸ್ ಬೀಳುತ್ತದೆ. ಮಾಸ್ಕ್ ಹಾಕಿಕೊಂಡರೆ ಗುರಿ ಇಟ್ಟು ಹೊಡೆಯುವ ಹಾಗಿಲ್ಲ, ತೆಗೆದರೆ ಸಾವು. ಹಳದಿ ಹೊಗೆಯಲ್ಲಿ ನಿಮ್ಮದೇ ಉಸಿರಿನ ಸದ್ದು ಕೇಳುತ್ತಾ, ಬಿದ್ದವನ ಹತ್ತಿರ ತೆವಳಿ ಸಿರಿಂಜ್ ಚುಚ್ಚುತ್ತೀರಿ. ಅವನು ಎದ್ದು ನಾಲ್ಕು ಹೆಜ್ಜೆ ಓಡಿ ಮತ್ತೆ ಬೀಳಬಹುದು, ಅಥವಾ ಅವನೇ ಫ್ಲ್ಯಾಗ್ ಹಿಡಿಯಬಹುದು. ಒಬ್ಬರನ್ನೂ ಹೊಡೆಯದೆ ಇಡೀ ಮ್ಯಾಚ್ ಕಳೆದರೂ ಸ್ಕೋರ್‌ಬೋರ್ಡ್‌ನಲ್ಲಿ ಮೇಲೆ ಇರಬಹುದು. ದಿನವಿಡೀ ಪ್ರಾಕ್ಟೀಸ್ ಮಾಡುವ ಹುಡುಗರ ಎದುರು ಕೈವೇಗದಲ್ಲಿ ನಾನು ಗೆಲ್ಲುವುದಿಲ್ಲ. ಇಲ್ಲಿ ಅದು ಬೇಕೂ ಇಲ್ಲ.

ಇತಿಹಾಸ ಪಕ್ಕಾ ಅಂತಲ್ಲ. ಆ ಯುದ್ಧದ ಸಾಮಾನ್ಯ ಸೈನಿಕನ ಕೈಯಲ್ಲಿದ್ದದ್ದು ಬೋಲ್ಟ್ ಎಳೆದು ಒಂದೊಂದೇ ಗುಂಡು ಹಾರಿಸುವ ರೈಫಲ್. ಗೇಮ್‌ನಲ್ಲಿ ಎಲ್ಲಿ ನೋಡಿದರೂ ಆಟೊಮ್ಯಾಟಿಕ್. ನಾನಂತೂ ಸ್ಕೌಟ್ (ಸ್ನೈಪರ್) ಆದಾಗ ಎಸ್‌ಎಂಎಲ್‌ಇ ಅನ್ನುವ ಬೋಲ್ಟ್ ರೈಫಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ಕಾಲ ಇದ್ದ ತ್ರೀ ನಾಟ್ ತ್ರೀ ಇದೇ ಕುಟುಂಬದ್ದು.

ಉಳಿದದ್ದು ಚುಟುಕಾಗಿ. ಹೊಸ ಮ್ಯಾಪ್‌ಗೆ ಮಾಡರ್ನ್ ವಾರ್‌ಫೇರ್ ದುಡ್ಡು ಕೇಳಲಿಲ್ಲ, ಬ್ಯಾಟಲ್‌ಫೀಲ್ಡ್ ಕೇಳಿತು. ಅದಕ್ಕೇ ಡಿಎಲ್‌ಸಿ ಸೇರಿದ ರೆವಲ್ಯೂಷನ್ ಎಡಿಷನ್ ತೆಗೆದುಕೊಳ್ಳಿ. ಪಿಸಿ, ಕನ್ಸೋಲ್ ಎರಡರವರೂ ಸೇರಿ ಆಡಬೇಕೆಂದರೆ ಮಾಡರ್ನ್ ವಾರ್‌ಫೇರ್ ಮಾತ್ರ. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬ್ಯಾಟಲ್‌ಫೀಲ್ಡ್. ಸ್ಕ್ವಾಡ್‌ನವರು ಬಿದ್ದವನನ್ನು ಎಬ್ಬಿಸದೆ ಪಕ್ಕದಲ್ಲೇ ಓಡಿಹೋಗುವುದು ಬ್ಯಾಟಲ್‌ಫೀಲ್ಡ್‌ನ ದೊಡ್ಡ ಕಿರಿಕಿರಿ.

ಮಿತಿಯಿಲ್ಲದ ಫೈಬರ್, 1 ಟಿಬಿ ಎಸ್‌ಎಸ್‌ಡಿ, ಜೊತೆಗೆ ಆಡಲು ಒಬ್ಬ ಗೆಳೆಯ, ಇಷ್ಟೂ ಇದ್ದವರು ಮಾಡರ್ನ್ ವಾರ್‌ಫೇರ್ ಸೇಲ್‌ನಲ್ಲಿ ಬಂದಾಗ ಧಾರಾಳವಾಗಿ ತೆಗೆದುಕೊಳ್ಳಿ. ಕ್ಯಾಂಪೇನ್ ಎರಡು ಸಲ ಮುಗಿಸಿ, ಗನ್‌ಫೈಟ್ ಆಡಿ. ನನ್ನ ಹಾಗೆ ಮಿತಿ ಇರುವ ನೆಟ್, ದಿನಕ್ಕೊಂದು ಗಂಟೆ, ಕೈಯಲ್ಲಿ ಕೆಲವು ನೂರು ರೂಪಾಯಿ ಇದ್ದರೆ ಬ್ಯಾಟಲ್‌ಫೀಲ್ಡ್ 1. ಕೊಂಡ ದಿನ ಮೊದಲ ಭಾಗ ಮುಗಿಸಿ ನೇರ ಆಪರೇಷನ್ಸ್‌ಗೆ ಹೋಗಿ, ಮೆಡಿಕ್ ತೆಗೆದುಕೊಳ್ಳಿ, ಸಲಕರಣೆಗಳಲ್ಲಿ ಸಿರಿಂಜ್ ಆರಿಸಿಕೊಳ್ಳುವುದನ್ನು ಮರೆಯಬೇಡಿ.