‘ಚಕ್ರ ಸಲೀಸಾಗಿ ತಿರುಗುತ್ತೆ’ ಅಂದರು, ನಾನು ನಂಬಿದೆ

ಹಳೇ ಜಪಾನ್ ಹೊಲಿಗೆ ಮಿಷನ್ ಒಂದನ್ನು ಆನ್‌ಲೈನ್‌ನಲ್ಲಿ ನೋಡಿ ಮನಸ್ಸು ಮಾಡಿದ್ದೀರಾ? ದುಡ್ಡು ಕಳಿಸುವ ಮುಂಚೆ ಐದು ನಿಮಿಷ ಇದನ್ನು ಓದಿ. ನನ್ನ ಹತ್ತಿರ ಆಗಲೇ ಅಂಥವು ಎರಡಿದ್ದವು. ಎರಡನ್ನೂ ನಾನೇ ಬಿಚ್ಚಿ, ತೊಳೆದು, ಜೋಡಿಸಿದ್ದೆ. ಅಷ್ಟಿದ್ದೂ ಮೂರನೆಯದರಲ್ಲಿ ಚೆನ್ನಾಗಿ ಟೋಪಿ ಬಿತ್ತು. ಅರ್ಧ ತಪ್ಪು ಮಾರಿದವರದು, ಇನ್ನರ್ಧ ನನ್ನದೇ.

ಜಾಹೀರಾತಿನಲ್ಲಿ ಮೂರು ಫೋಟೋ. ತಿಳಿ ಹಸಿರು ಮೈ, ಅಲ್ಲಲ್ಲಿ ಹೊಳೆಯುವ ಕ್ರೋಮ್, ತೋಳಿನ ಮೇಲೆ ಚಿನ್ನದ ಅಕ್ಷರ. ಕೆಳಗೆ ಎರಡು ಸಾಲು: ‘1950ರ ದಶಕದ ಅಪರೂಪದ ಜಪಾನ್ ಬ್ರ್ಯಾಂಡ್, ಇಂಡಸ್ಟ್ರಿಯಲ್ ಮಿಷನ್, ಚರ್ಮ ಕೂಡ ಹೊಲಿಯುತ್ತೆ. ಚಕ್ರ ಸಲೀಸಾಗಿ ತಿರುಗುತ್ತೆ.’

ಮೊದಲು ಆ ‘ಅಪರೂಪದ ಬ್ರ್ಯಾಂಡ್’ ವಿಷಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಕಾರ್ಖಾನೆಗಳು ಹೊಲಿಗೆ ಮಿಷನ್ ಕಡೆ ತಿರುಗಿದವು. ಜೂಕಿ ಕಂಪನಿ ತನ್ನ ಮೊದಲ ಮನೆ ಮಿಷನ್ ತಂದಿದ್ದು 1947ರಲ್ಲಿ. ಇವರಲ್ಲಿ ಬಹಳ ಜನ ಹಿಡಿದ ಮಾದರಿ ಒಂದೇ, ಸಿಂಗರ್ ಕಂಪನಿಯ ‘15’ ಅನ್ನೋ ಮಿಷನ್. ಅಳತೆಗಳನ್ನೂ ಒಂದೇ ತರಹ ಇಟ್ಟುಕೊಂಡರು. ಹಾಗಾಗಿ ಒಬ್ಬರ ಮಿಷನ್‌ನ ಎಷ್ಟೋ ಭಾಗ ಇನ್ನೊಬ್ಬರದಕ್ಕೆ ಕೂರುತ್ತದೆ. ಈ ಮಿಷನ್‌ಗಳ ದೊಡ್ಡ ಗುಣ ಅದೇ. ಆದರೆ ಹೊರದೇಶದ ಆಮದುದಾರರು, ಅಂಗಡಿಗಳು ತಮಗೆ ಬೇಕಾದ ಹೆಸರನ್ನು ಅಂಟಿಸಿ ಮಾರಿದರು. ಅಂಥ ನೂರಾರು ಹೆಸರುಗಳಿವೆ. ತೋಳಿನ ಮೇಲಿನ ಹೆಸರು ನೋಡಿ ಯಾರು ಮಾಡಿದ್ದು ಅಂತ ಹೇಳೋಕಾಗಲ್ಲ. ಮಿಷನ್ ಮಗುಚಿ ಅಡಿಭಾಗದಲ್ಲಿ ಜೆ-ಎ, ಜೆ-ಸಿ ಅಂತ ಎರಕದಲ್ಲೇ ಮೂಡಿರುವ ಗುರುತು ಹುಡುಕಿದರೆ ಸ್ವಲ್ಪ ಸುಳಿವು ಸಿಗಬಹುದು. ಹೆಸರು ಯಾರೂ ಕೇಳಿಲ್ಲ ಅನ್ನೋದು ಅಪರೂಪದ ಲಕ್ಷಣ ಅಲ್ಲ, ಬೆಲೆ ಏರಿಸೋಕೆ ಒಂದು ನೆಪ.

‘ಇಂಡಸ್ಟ್ರಿಯಲ್’ ಅನ್ನೋದಂತೂ ಶುದ್ಧ ಸುಳ್ಳು. ಇದು ಮನೆ ಮಿಷನ್. ಮನೆಯಲ್ಲಿ ಬಳಸುವ ಸೂಜಿಯೇ ಇದಕ್ಕೂ. ಬೆನ್ನಿಗೆ ತಗುಲಿಸಿದ ಮೋಟಾರ್ ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕಾರ್ಖಾನೆ ಮಿಷನ್‌ಗೆ ಮೇಜಿನ ಅಡಿ ದೊಡ್ಡ ಮೋಟಾರ್ ಇರುತ್ತದೆ. ಜೀನ್ಸ್ ಅಂಚು ಮಡಚಿ ಹೊಲಿಯೋಕೆ ಇದು ಸೊಗಸು. ಮೆತ್ತನೆ ಚರ್ಮದ ಎರಡು ಪದರವನ್ನೂ ಸರಿಯಾದ ಸೂಜಿ ಹಾಕಿದರೆ ನಿಧಾನಕ್ಕೆ ಹೊಲಿಯುತ್ತದೆ. ಬ್ಯಾಗಿನ ದಪ್ಪ ಪಟ್ಟಿ ದಿನಾ ಹೊಲಿಯುತ್ತೇನೆ ಅಂತ ಹೊರಟರೆ ಮಿಷನ್ನೂ ಹಾಳು, ನಿಮ್ಮ ತಲೆಯೂ ಹಾಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹಸಿರು ಬಣ್ಣಕ್ಕೆ ಬಿದ್ದೆ.

ಪಾರ್ಸೆಲ್ ಬಂತು. ಹತ್ತು ಕಿಲೋ ಮೀರಿದ ಬೀಡು ಕಬ್ಬಿಣಕ್ಕೆ ಒಂದು ಸುತ್ತು ಕಾಗದ! ಮಿಷನ್ನನ್ನು ಅದರ ಮರದ ಪೆಟ್ಟಿಗೆಯ ಕೀಲುಗಳಿಗೆ ಹಾಗೇ ಸಿಕ್ಕಿಸಿ ಕಳಿಸಿದ್ದರು. ದಾರಿಯುದ್ದಕ್ಕೂ ಅದು ಒಳಗೇ ಕುಣಿದಿದೆ. ಪೆಟ್ಟಿಗೆಯ ಒಂದು ಮೂಲೆ ಒಡೆದಿತ್ತು, ರೀಲು ಸಿಕ್ಕಿಸುವ ಕಡ್ಡಿ ಮುರಿದಿತ್ತು, ಬಾಬಿನ್ (ಅಡಿ ದಾರದ ಪುಟ್ಟ ಸುರುಳಿ) ಸುತ್ತುವ ಭಾಗ ಬಾಗಿತ್ತು. ಬೀಡು ಬಾಗಲ್ಲ, ಒಡೆಯುತ್ತೆ. ಮೈ ಸೀಳದೆ ಬಂದದ್ದು ಪುಣ್ಯ. ಮಿಷನ್ನನ್ನು ಪೆಟ್ಟಿಗೆಯಿಂದ ಬಿಡಿಸಿ ಬೇರೆಯಾಗಿ ಕಟ್ಟಿ ಕಳಿಸಿ ಅಂತ ಮೊದಲೇ ಹೇಳಬೇಕಿತ್ತು.

ಚಕ್ರ ಮಾತ್ರ ನಿಜವಾಗಿಯೂ ಸಲೀಸಾಗಿ ತಿರುಗಿತು. ಒಳಗಿಂದ ತುಕ್ಕು ಬಿಡಿಸುವ ಸ್ಪ್ರೇ ವಾಸನೆ ಬರುತ್ತಿತ್ತು. ಆ ವಾಸನೆಯ ಅರ್ಥ ಆಗ ಹೊಳೆಯಲಿಲ್ಲ.

ಈಗ ನನ್ನ ದಡ್ಡತನ. ಪ್ಲಗ್ಗಿಗೆ ಎರಡು ಚಪ್ಪಟೆ ಕಾಲು. ನಮ್ಮ ಸಾಕೆಟ್‌ಗೆ ಕೂರಲಿಲ್ಲ. ಡ್ರಾಯರಿನಲ್ಲಿದ್ದ ಅಡಾಪ್ಟರ್ ಹಾಕಿ ಚುಚ್ಚಿದೆ. ಮಿಷನ್ ದೀಪದ ಸ್ವಿಚ್ ಒತ್ತಿದೆ. ಬಲ್ಬು ಒಂದು ಕ್ಷಣ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು ‘ಟಪ್’ ಅಂತು. ಹಳೇ ಬಲ್ಬಲ್ವಾ, ಆಯಸ್ಸು ಮುಗಿದಿರಬೇಕು ಅಂದುಕೊಂಡೆ. ಪೆಡಲ್ ಮೇಲೆ ಕಾಲಿಟ್ಟೆ. ಮೋಟಾರ್ ಕಿರುಚಿಕೊಂಡು ಓಡಿತು. ನಾನು ಯಾವತ್ತೂ ನೋಡಿರದ ವೇಗ. ಕಾಲು ತೆಗೆಯುವಷ್ಟರಲ್ಲಿ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್ ಹತ್ತಿರ ನೀಲಿ ಕಿಡಿ, ಆಮೇಲೆ ಸಣ್ಣಗೆ ಹೊಗೆ, ಸುಟ್ಟ ವಾರ್ನಿಷ್ ವಾಸನೆ. ಪ್ಲಗ್ ಕಿತ್ತ ಮೇಲೆ ಟಾರ್ಚ್ ಹಿಡಿದು ಮೋಟಾರಿನ ತಗಡು ಓದಿದೆ. 110 ವೋಲ್ಟ್.

ಜಪಾನಿನೊಳಗೆ ಕರೆಂಟು 100 ವೋಲ್ಟ್. ಅಮೆರಿಕಕ್ಕೆ ಹೋದ ಮಿಷನ್‌ಗಳ ಮೋಟಾರ್ 110-120 ವೋಲ್ಟಿನದು. 220-240 ವೋಲ್ಟ್ ಬರುವ ಮನೆಯಲ್ಲಿ ಅದನ್ನು ನೇರ ಚುಚ್ಚಿದರೆ ಹೀಗೇ ಆಗೋದು. ಅಡಾಪ್ಟರ್ ಬದಲಾಯಿಸೋದು ಪ್ಲಗ್ಗಿನ ಆಕಾರ ಅಷ್ಟೇ, ವೋಲ್ಟ್ ಅಲ್ಲ. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅಥವಾ ನಿಮ್ಮ ಕರೆಂಟಿಗೆ ಹೊಂದುವ ಹೊಸ ಮೋಟಾರ್ ಹಾಕಿಸಬೇಕು. ದೀಪದ ಬಲ್ಬನ್ನೂ ಮರೆಯಬೇಡಿ. ಕೊಳ್ಳುವ ಮುಂಚೆ ಮೋಟಾರಿನ ತಗಡಿನ ಫೋಟೋ ಕೇಳಿ, ಸಂಖ್ಯೆ ಓದೋಕಾಗುವ ಹಾಗಿರಲಿ. ವೈರನ್ನೂ ಹತ್ತಿರದಿಂದ ತೋರಿಸಿ ಅನ್ನಿ. ಈ ವಯಸ್ಸಿನ ರಬ್ಬರ್ ಬಾಗಿಸಿದರೆ ಹಪ್ಪಳದ ಹಾಗೆ ಉದುರುವುದುಂಟು. ನನ್ನದರಲ್ಲಿ ಪೆಡಲ್ ಹತ್ತಿರ ತಾಮ್ರವೇ ಕಾಣುತ್ತಿತ್ತು. ಶಾಕ್ ಹೊಡೆಯದೆ ಉಳಿದೆ.

ಒಂದು ವಾರ ಸಿಟ್ಟಲ್ಲಿ ಅದನ್ನು ಮುಟ್ಟಲಿಲ್ಲ. ಆಮೇಲೆ ಚಕ್ರ ತಿರುಗಿಸಲು ಹೋದರೆ ಬಿಗಿ! ಆಗ ಸ್ಪ್ರೇ ವಾಸನೆಯ ಗುಟ್ಟು ತಿಳಿಯಿತು. ಒಳಗಿನ ಹಳೇ ಎಣ್ಣೆ ಒಣಗಿ ಕಂದು ಅಂಟಾಗಿತ್ತು. ಫೋಟೋ ತೆಗೆಯುವ ಮುಂಚೆ ಸ್ಪ್ರೇ ಹೊಡೆದು ಸಡಿಲ ಮಾಡಿದ್ದಾರೆ. ಸ್ಪ್ರೇ ಆರಿದ ಮೇಲೆ ಅಂಟು ಮತ್ತೆ ಹಿಡಿದುಕೊಂಡಿದೆ. ಮೂರು ಸಂಜೆ ಕೂತು ಪ್ರತಿ ತೂತಿಗೂ ಸೀಮೆಎಣ್ಣೆ ಬಿಟ್ಟು, ಒರೆಸಿ, ಮತ್ತೆ ಮಿಷನ್ ಎಣ್ಣೆ ಹಾಕಿದೆ. ಅದೇ ಹುರುಪಿನಲ್ಲಿ ಮೈಯನ್ನೂ ಸ್ಪಿರಿಟ್ಟಿನಲ್ಲಿ ಉಜ್ಜಿದೆ. ಆ ಅಪರೂಪದ ಬ್ರ್ಯಾಂಡಿನ ಅರ್ಧ ಹೆಸರು ಬಟ್ಟೆಗೆ ಬಂತು. ಚಿನ್ನದ ಅಕ್ಷರದ ಮೇಲೆ ಸ್ಪಿರಿಟ್ ಬೇಡವೇ ಬೇಡ. ಮಿಷನ್ ಎಣ್ಣೆ ಅದ್ದಿದ ಹತ್ತಿ ಸಾಕು.

ಇನ್ನು ಬಾಬಿನ್ ಕೂರುವ ಪುಟ್ಟ ಡಬ್ಬಿ, ಅಂದರೆ ಬಾಬಿನ್ ಕೇಸ್. ಅದನ್ನು ಮುಚ್ಚುವ ತಗಡು ಸರಿಸಿದರೆ ಒಳಗೆ ಖಾಲಿ. ಮೂರು ಫೋಟೋದಲ್ಲೂ ಆ ತಗಡು ಮುಚ್ಚೇ ಇತ್ತು, ಸುಮ್ನೆ ಅಲ್ಲ. ‘15 ಕ್ಲಾಸ್’ ಅಂತ, ಅಂದರೆ ಸಿಂಗರ್ 15ರ ಮಾದರಿಗೆ ಅಂತ, ಬರೆದಿದ್ದ ಹೊಸದೊಂದು ತಂದು ಹಾಕಿದೆ. ಸರಿಯಾಗಿ ಕೂರಲಿಲ್ಲ. ಒತ್ತಿ ಕೂರಿಸಿ ಹೊಲಿದರೆ ಬಟ್ಟೆಯ ಅಡಿ ದಾರದ ಗೂಡು. ನನ್ನ ಹಳೇ ಮಿಷನ್‌ನ ಕೇಸನ್ನು ಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ಕಂಡಿತು. ಕೇಸಿನಿಂದ ಒಂದು ಸಣ್ಣ ನಾಲಿಗೆ ಮೇಲಕ್ಕೆ ಚಾಚಿರುತ್ತದೆ. ಒಂದರಲ್ಲಿ ಅದು ಗಡಿಯಾರದ ಹನ್ನೊಂದರ ಕಡೆ, ಇನ್ನೊಂದರಲ್ಲಿ ಒಂದರ ಕಡೆ. ಎರಡೂ ‘15 ಕ್ಲಾಸ್’ ಅಂತಲೇ ಮಾರಾಟ ಆಗುತ್ತವೆ! ನಾಲಿಗೆ ಕೂರುವ ಕಚ್ಚು ನಿಮ್ಮ ಮಿಷನ್‌ನಲ್ಲಿ ಎಲ್ಲಿದೆ ಅಂತ ನೋಡಿಕೊಂಡು ತನ್ನಿ. ಹಳೇ ಮಿಷನ್‌ನ ಕೇಸ್ ಹಾಕಿದ ಕೂಡಲೇ ಹೊಲಿಗೆ ಸಾಲಾಗಿ ಬಂತು.

ಮಾರಿದವರಿಗೆ ಎಲ್ಲ ಬರೆದು ಕಳಿಸಿದ್ದೆ. ಉತ್ತರ ಒಂದೇ ಸಾಲು: ‘ಚಕ್ರ ತಿರುಗುತ್ತೆ ಅಂತ ತಾನೇ ಹೇಳಿದ್ದು, ತಿರುಗಲ್ವಾ?’ ವಾದಕ್ಕೆ ಜಾಗವೇ ಇಲ್ಲ. ಹೊಲಿಯುತ್ತೆ ಅಂತ ಅವರು ಹೇಳಿದ್ದು ಚರ್ಮದ ಬಗ್ಗೆ ಮಾತ್ರ. ಮಿಷನ್ ಈಗ ಹೇಗಿದೆ ಅಂತ ನಾನು ಕೇಳಲೇ ಇಲ್ಲ. ಎರಡು ಬಣ್ಣದ ದಾರ ಹಾಕಿ, ಮೇಲೊಂದು ಅಡಿಯೊಂದು, ಒಂದು ಗೇಣು ಹೊಲಿದು ಬಟ್ಟೆಯ ಎರಡೂ ಮಗ್ಗುಲಿನ ವಿಡಿಯೋ ಕಳಿಸಿ ಅಂದಿದ್ದರೆ ಸಾಕಿತ್ತು. ಬಾಬಿನ್ ಕೇಸ್ ಇಲ್ಲದ ಮಿಷನ್‌ನಲ್ಲಿ ಆ ವಿಡಿಯೋ ತೆಗೆಯೋಕೆ ಆಗಲ್ಲ.

ಈಗ ಅದು ಕಾಲು ಮಿಷನ್. ಕೈಯಲ್ಲಿ ತಿರುಗಿಸುವ ಹಿಡಿ ಹಾಕೋಣ ಅಂದರೆ ಇದರ ಚಕ್ರಕ್ಕೆ ಸೈಕಲ್ಲಿನ ಕಡ್ಡಿಯಂಥ ಅರೆಗಳಿಲ್ಲ, ಗಟ್ಟಿ ಚಕ್ರ. ಹಿಡಿ ಸಿಕ್ಕಿಕೊಳ್ಳಲು ಅರೆ ಬೇಕು. ಕೊನೆಗೆ ಹಳೇ ತುಳಿಯುವ ಸ್ಟ್ಯಾಂಡಿಗೆ ಏರಿಸಿದೆ. ಬೆಲ್ಟ್ ಚಕ್ರದ ಕಚ್ಚಿಗೆ ಸರಿಯಾಗಿ ಕೂತಿತು. ದಿಂಬಿನ ಕವರ್, ಪರದೆ ಎಲ್ಲ ಅದರಲ್ಲೇ ಹೊಲಿಯುತ್ತೇನೆ. ಸುಟ್ಟ ಮೋಟಾರನ್ನು ಬಿಚ್ಚಿ ಅದೇ ಡ್ರಾಯರಿನಲ್ಲಿ, ಅಡಾಪ್ಟರ್ ಪಕ್ಕ ಇಟ್ಟಿದ್ದೇನೆ. ಡ್ರಾಯರ್ ಎಳೆದಾಗಲೆಲ್ಲ ಇವತ್ತಿಗೂ ಆ ವಾಸನೆ ಬರುತ್ತದೆ.